ಓಬಳೆಪ್ಪನ ಗಿರಣಿಯ ರಾಕ್ಷಸರು

ಓಬಳೆಪ್ಪನ ಹುಬ್ಬಿನ ಬಣ್ಣ ಯಾವುದೆಂದು ಕುಷ್ಟಗಿಯಲ್ಲಿ ಖಾತ್ರಿಯಾಗಿ ಬಲ್ಲವಳು ಅವನ ಹೆಂಡತಿ ಪಾರ್ವತೆಮ್ಮ ಒಬ್ಬಳೇ. ಉಳಿದ ನಾವೆಲ್ಲ ಕಂಡದ್ದು ಹಿಟ್ಟು ಕೂತ ಹುಬ್ಬು, ಹಿಟ್ಟು ಕೂತ ರೆಪ್ಪೆ, ಹಿಟ್ಟು ಕೂತ ಕಿವಿಗೂದಲು. ಅರ್ಧ ಆಯುಷ್ಯವನ್ನು ಹಿಟ್ಟಿನ ಗಿರಣಿಯ ಸದ್ದಿನೊಳಗೇ ಕಳೆದ ಈ ಮನುಷ್ಯ ಮೆಲ್ಲಗೆ ಮಾತಾಡುವುದನ್ನು ಎಂದೋ ಮರೆತಿದ್ದಾನೆ. ಸತ್ತವರ ಮನೆಗೆ ಮಾತಾಡಿಸಲು ಹೋದರೂ ಅವನ ಸಮಾಧಾನದ ಮಾತು ಮುಂದಿನ ಓಣಿಗೆ ಕೇಳಿಸುತ್ತದೆ. ನಡೆಯುವಾಗ ಎಡಭುಜ ಕೊಂಚ ಇಳಿದಿರುತ್ತದೆ, ಕಾಣದ ಜೋಳದ ಚೀಲವೊಂದು ಈಗಲೂ ಅಲ್ಲಿ ಕೂತಿರುವ ಹಾಗೆ. ಸಂಜೆ ಗಿರಣಿ ನಿಲ್ಲಿಸಿ ಅವನು ಬೀದಿಗೆ ಬಂದರೆ, ಪರವೂರಿಂದ ಬಂದ ಕೂಸುಗಳು ತಾಯಿಯ ಸೆರಗು ಹಿಡಿಯುತ್ತವೆ.

ಇಂಥವನಿಗೆ ಈ ವಯಸ್ಸಿನಲ್ಲಿ ಹಿಡಿದಿರುವ ಹುಚ್ಚು ರಾಕ್ಷಸರದು. ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ರಾಕ್ಷಸರು, ದೆವ್ವಗಳು, ಕೋರೆಹಲ್ಲಿನವರು, ಒಂಟಿಕಣ್ಣಿನವರು. ಬಾಯಿ ಮುಚ್ಚಿದ ಪಾಕೀಟಿನಲ್ಲಿ ಬರುತ್ತಾರೆ. ಒಡೆದು ನೋಡುವ ತನಕ ಒಳಗಿರುವವನು ಯಾರೆಂದು ಗೊತ್ತಾಗದು. ಗಿರಣಿಯ ಗೋಡೆಗೆ, ಬಣ್ಣದ ಗೊಂಬೆಗಳ ಊರಾದ ಕಿನ್ನಾಳದ ಬೀಗರು ಕೊಟ್ಟ, ಮೆಟ್ಟಿಲುಮೆಟ್ಟಿಲಾದ ಬಣ್ಣದ ಹಲಗೆಯ ಮೇಲೆ, ಅವರೆಲ್ಲ ಸಾಲಾಗಿ ಕೂತಿದ್ದಾರೆ. ಹಿಟ್ಟು ಅವರ ಮೇಲೂ ಬೀಳುತ್ತದೆ. ಹಳೆಯ ದಾಡಿ ಬ್ರಷ್ಷಿನಿಂದ ಓಬಳೆಪ್ಪ ಅವರ ಮುಖ ಒರೆಸುತ್ತಾನೆ. ತನ್ನ ಮುಖ ಒರೆಸಿಕೊಳ್ಳುವುದಿಲ್ಲ.

“ಮನ್ಯಾಗ ಮೊದಲ ಒಂದು ಬೆಳ್ಳನ ದೆವ್ವ ಇತ್ತು. ಈಗ ತನ್ನ ಬಳಗಾನೂ ಕರಕೊಂಡು ಬಂದೈತಿ” ಎಂದು ಪಾರ್ವತೆಮ್ಮ ಡಬ್ಬಿ ತಂದವರಿಗೆಲ್ಲ ಹೇಳುತ್ತಾಳೆ.

ನಾನು ವಾರಕ್ಕೊಮ್ಮೆ, ಸೋಮವಾರ ಗುಡಿಗೆ ಹೋಗಿ ಬರುವಾಗ, ಜೋಳದ ಡಬ್ಬಿಯೊಡನೆ ಆ ಗಿರಣಿಯಲ್ಲಿ ಪಾಳಿ ಕಾಯುವವಳು. ದೇವರ ದರ್ಶನ ಮಾಡಿ ನೇರವಾಗಿ ರಾಕ್ಷಸರ ಮುಂದೆ ಬಂದು ಕೂರುವುದು ಮೊದಮೊದಲು ಸರಿ ಕಾಣುತ್ತಿರಲಿಲ್ಲ. ಆಮೇಲೆ ಯೋಚಿಸಿದರೆ, ನಮ್ಮ ಪುರಾಣಗಳಲ್ಲಿ ದೇವರಿಗಾಗಿ ಎಲ್ಲರಿಗಿಂತ ಕಠಿಣ ತಪಸ್ಸು ಮಾಡಿದವರು ರಾಕ್ಷಸರೇ. ಅಷ್ಟು ಹೊತ್ತು ಕಣ್ಣು ಮುಚ್ಚಿ ಕೂರಲು ನನ್ನಿಂದ ಇಂದಿಗೂ ಆಗಿಲ್ಲ.

ಹುಚ್ಚು ಶುರುವಾದದ್ದು ಹೀಗೆ. ಯಾರದೋ ಜೋಳದೊಳಗಿಂದ ಅಂಥದೊಂದು ಗೊಂಬೆ ಗಿರಣಿಯ ಜರಡಿಗೆ ಬಿತ್ತು. ಹಣೆಯ ಮೇಲೆ ಹೊಲಿಗೆ, ಕುತ್ತಿಗೆಯಲ್ಲಿ ಮೊಳೆ. ನಮ್ಮದೆಂದು ಯಾರೂ ಹೇಳಲಿಲ್ಲ. ಓಬಳೆಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದವರನ್ನೆಲ್ಲ ಕೇಳತೊಡಗಿದ: “ಇಂವ ಯಾರ ಪೈಕಿ?”

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವನಿಗೆ ಹೆಸರಿಗಿಂತ ಮೊದಲು ಊರು ಕೇಳುತ್ತೇವೆ. ಊರಾದ ಮೇಲೆ ಯಾರ ಪೈಕಿ, ಅಂದರೆ ಯಾವ ಮನೆಯವ, ಯಾವ ಮಂದಿಯವ ಎಂದು ಕೇಳುತ್ತೇವೆ. ಆ ಒಂದು ಪ್ರಶ್ನೆಯ ಉತ್ತರದ ಮೇಲೆ ಒಬ್ಬರಿಗೆ ಚಹಾ ಒಳಮನೆಗೆ ಬರುತ್ತದೆ, ಇನ್ನೊಬ್ಬರಿಗೆ ಕಟ್ಟೆಗೇ ಬರುತ್ತದೆ. ಓಬಳೆಪ್ಪ ಅದೇ ಪ್ರಶ್ನೆಯನ್ನು ರಾಕ್ಷಸರಿಗೆ ಹಚ್ಚಿದ. ಈ ಗೊಂಬೆಗಳನ್ನು ಮಾಡುವವರು ಯಾವುದೋ ಸಿನಿಮಾ, ಯಾವುದೋ ದೇಶದ ಕಥೆ ನೋಡಿಯೇ ಮಾಡುತ್ತಾರೆ. ಆ ಮೂಲ ಪತ್ತೆ ಹಚ್ಚಬೇಕು. ಪೈಕಿ ಗೊತ್ತಾದವನಿಗೆ ಮೆಟ್ಟಿಲ ಮೇಲೆ ಜಾಗ. ಗೊತ್ತಾಗುವ ತನಕ ಪಕ್ಕದ ಗೂಡಿನಲ್ಲಿ ಕಾಯಬೇಕು. ಹರೆಯದಲ್ಲಿ ಟೆಂಟು ಟಾಕೀಸಿನಲ್ಲಿ ತೆಲುಗು ಮಾತಾಡುವ ಪರದೇಶದ ದೆವ್ವಗಳನ್ನು ನೋಡಿದ್ದೇ ಅವನ ವಿದ್ಯೆ, ಉಳಿದದ್ದೆಲ್ಲ ಧೈರ್ಯ.

ಮೈತುಂಬ ಬಟ್ಟೆ ಸುತ್ತಿಕೊಂಡವನೊಬ್ಬ ಬಂದ ದಿನ ನಾನಿದ್ದೆ. ಪಾಳಿಯಲ್ಲಿ ಮುಂದೆ ಇದ್ದ ಇಮಾಮಬೀ ತಿರುಗಿಸಿ ನೋಡಿ, “ದವಾಖಾನಿಯಿಂದ ಓಡಿ ಬಂದಾನ. ಬಿಲ್ಲು ಕೊಟ್ಟಿಲ್ಲ ಅಂತ ಕಾಣತೈತಿ” ಎಂದಳು.

“ಅಲ್ರಿ ಖಾಲಾ, ಇದು ಸಾವಿರಾರು ವರ್ಷದ ಹೆಣ. ಮರಳುಗಾಡಿನ ರಾಜರ ಪೈಕಿ. ಪೆಟ್ಟಿಗಿ ತಗದ್ರ ಎದ್ದು ಬರ್ತಾನ” ಎಂದ ಓಬಳೆಪ್ಪ.

“ಬರದ ಏನು ಮಾಡ್ಯಾನು. ಅಷ್ಟು ದಿನ ಮಲಗಾಕ ಬಿಟ್ಟಿದ್ರ ನಾನೂ ಏಳ್ತಿದ್ದೆ.”

ಗಿರಣಿ ತುಂಬ ನಗು. ಆ ಹೊತ್ತಿಗೆ ಓಬಳೆಪ್ಪನ ಮುಖ ನೋಡಬೇಕು. ಹಿಟ್ಟಿನ ಕೆಳಗಿಂದ ಕೆಂಪು ಏರುತ್ತದೆ.

ಪಾಕೀಟು ಕೊಳ್ಳಲು ಅವನು ಕೊಪ್ಪಳಕ್ಕೆ ಹೋಗುತ್ತಾನೆ. ಹಿಟ್ಟು ನುಣ್ಣಗಾಯಿತೋ ತರಿಯಾಯಿತೋ ಎಂದು ನೋಡುವ ಹೆಬ್ಬೆರಳಿನಿಂದಲೇ ಪಾಕೀಟು ಒತ್ತಿ, ಕಣ್ಣು ಮುಚ್ಚಿ, “ಬಾಲ ಐತಿ… ಕಿವಿ ಚೂಪ… ತೋಳ, ತೋಳ” ಎಂದು ಅಂಗಡಿಯೆಲ್ಲ ಕೇಳುವಂತೆ ಹೇಳುತ್ತಾನೆ. ಹಾಗೆ ಒತ್ತುತ್ತಿದ್ದಾಗಲೇ ಅದೇ ಡಬ್ಬದೊಳಗೆ ಇನ್ನೊಂದು ಕೈ ಬಂತಂತೆ. ಅದು ಗಂಗಾವತಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಮಕ್ಬುಲಸಾಬನ ಕೈ. ಇಬ್ಬರು ದೊಡ್ಡ ಮನುಷ್ಯರು ಮಕ್ಕಳ ಆಟಿಕೆ ಹಿಚುಕುತ್ತ ನಿಂತದ್ದನ್ನು ಕಂಡ ಅಂಗಡಿಯವನು, “ತಗೊಳ್ಳೂದಿದ್ರ ತಗೊಳ್ರಿ, ಮಾವಿನಹಣ್ಣಲ್ಲ ಅದು” ಎಂದನಂತೆ. ಅಂದಿನಿಂದ ಇಬ್ಬರೂ ಗೆಳೆಯರು, ಮತ್ತು ಇಬ್ಬರೂ ಪೈಪೋಟಿಯವರು.

ಗೂಡಿನಲ್ಲಿ ಒಬ್ಬ ಮಾತ್ರ ವರ್ಷವಾದರೂ ಹಾಗೇ ಉಳಿದ. ಹಸಿರು ಮೈ, ಹೊರಗೆ ಬಂದ ಕಣ್ಣು, ಅಗಲಿಸಿದ ಬಾಯಿ, ಬಾಯಿಯ ಎರಡೂ ಕಡೆ ಸುರುಳಿ ಮೀಸೆ, ಕುತ್ತಿಗೆಯ ಸುತ್ತ ಎಲೆಗಳಂಥದೇನೋ. ಅವನ ಪೈಕಿ ಯಾರಿಗೂ ತಿಳಿಯಲಿಲ್ಲ. ತಿಳಿಯದ್ದಕ್ಕೇ ಇರಬೇಕು, ಓಬಳೆಪ್ಪನಿಗೆ ಎಲ್ಲರಿಗಿಂತ ಅವನ ಮೇಲೆಯೇ ಜೀವ. ಬೆಳಗ್ಗೆ ಬೆಲ್ಟು ಏರಿಸುವ ಮುಂಚೆ, “ಏನಪಾ, ರಾತ್ರಿ ಏನರ ನೆನಪಾತೇನು, ಯಾರ ಮಗ ನೀ?” ಎಂದು ವಿಚಾರಿಸುತ್ತಿದ್ದ. ಒಂದು ಭಾನುವಾರ, ಗಿರಣಿ ತುಂಬ ಜನ, ಎದುರಿಗೆ ಮಕ್ಬುಲಸಾಬ. ಉಮೇದಿನಲ್ಲಿ ಬಾಯಿ ಜಾರಿತು: “ಇವನ ಪೈಕಿ ಹೇಳಿದವರಿಗೆ ಇವನ್ನ ಕೊಟ್ಟಬಿಡ್ತೀನಿ.”

ಮಕ್ಬುಲಸಾಬ ಚಹಾದ ಕಪ್ಪು ಕೆಳಗಿಟ್ಟ. “ಮಾತು?”

“ಮಾತಂದ್ರ ಮಾತು.”

“ಹುಣ್ಣಿಮಿ ಕಳದ ಭಾನುವಾರ ಬರ್ತೀನಿ. ಡಬ್ಬಿ ತರ್ತೀನಿ.”

ಆಮೇಲೆ ಓಬಳೆಪ್ಪ ಆ ಗೊಂಬೆಯನ್ನು ಯಾರಿಗೂ ತೋರಿಸದೆ ಗೂಡಿನ ಒಳಮೂಲೆಗೆ ಸರಿಸಿದ. ಉತ್ತರ ಬೇಕೆಂದು ವರ್ಷವೆಲ್ಲ ಹಂಬಲಿಸಿದವನಿಗೆ ಈಗ ಉತ್ತರದ ಹೆದರಿಕೆ. ಇಮಾಮಬೀ ಬಗ್ಗಿ ನೋಡಿದರೆ, “ನಿಮ್ಮ ಪಾಳಿ ಬಂತು ನೋಡ್ರಿ ಖಾಲಾ” ಎಂದು ಮಾತು ತಿರುಗಿಸುತ್ತಿದ್ದ.

ಅದು ಭಾದ್ರಪದ ಮಾಸ. ಜೋಕುಮಾರನ ದಿನಗಳು: ದೊಡ್ಡ ಕಣ್ಣು, ತೆರೆದ ಬಾಯಿಯ ಮಣ್ಣಿನ ಮೂರ್ತಿಯನ್ನು ಬೇವಿನೆಲೆಯ ನಡುವೆ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ, ಹೆಣ್ಣುಮಕ್ಕಳು ಹಾಡುತ್ತ ಮನೆಮನೆಗೆ ಹೊತ್ತು ತರುತ್ತಾರೆ. ನಮ್ಮ ಓಣಿಗೆ ತರುವವಳು ಭೀಮಕ್ಕ. ಗಿರಣಿಯ ಒಂದು ಬೊಗಸೆ ಹಿಟ್ಟು ಅವಳ ಹಕ್ಕು. ಬುಟ್ಟಿ ಇಳಿಸಿ, ಸೊಂಟ ಹಿಡಿದುಕೊಂಡು ನೆಟ್ಟಗಾಗುವಾಗ ಅವಳ ಕಣ್ಣು ಸರಿಯಾಗಿ ಗೂಡಿನ ಮಟ್ಟಕ್ಕೆ ಬಂತು.

“ಅಯ್ಯ ಓಬಳೆಪ್ಪ, ನಮ್ಮ ಕುಮಾರನ್ನ ಇಷ್ಟು ಸಣ್ಣಾವನ್ನ ಮಾಡಿ ಮೂಲ್ಯಾಗ ಒಗದೀಯಲ್ಲೋ.”

ಗಿರಣಿ ನಿಂತಿತು. ಅಂದರೆ ಓಬಳೆಪ್ಪ ನಿಲ್ಲಿಸಿದ. ಜೋಳ ಅರ್ಧ ಬೀಸಿದ್ದಿತ್ತು. ಭೀಮಕ್ಕ ಗೊಂಬೆಯನ್ನು ಬುಟ್ಟಿಯ ಪಕ್ಕ ಇಟ್ಟು ಒಂದೊಂದಾಗಿ ತೋರಿಸಿದಳು: ಅದೇ ಕಣ್ಣು, ಅದೇ ಬಾಯಿ, ಅದೇ ಮೀಸೆ, ಕುತ್ತಿಗೆ ಸುತ್ತ ಅದೇ ಬೇವಿನೆಲೆ. ನಾವೆಲ್ಲ ಬಗ್ಗಿ ನೋಡಿದೆವು. ಸುಳ್ಳೇಕೆ, ನನಗೂ ಹಾಗೇ ಕಂಡಿತು. ಯಾವುದೋ ದೂರದೇಶದ ಕಂಪನಿಯವರ ಪಾಕೀಟಿನೊಳಗೆ ನಮ್ಮ ಓಣಿಯ ದೇವರು! ಇಮಾಮಬೀ, “ಸಂಭಾವಿತರ ಪೈಕಿನ ಹಂಗಾರ” ಎಂದಳು. ಭೀಮಕ್ಕ ಬೆರಳ ತುದಿಯಿಂದ ಅದರ ಬಾಯಿಗೂ ಬೆಣ್ಣೆ ಸವರಿದಳು.

ಆಗ ಓಬಳೆಪ್ಪನಿಗೆ ಮಾತು ನೆನಪಾಯಿತು. ಮುಖ ಸಣ್ಣದು ಮಾಡಿಕೊಂಡು, “ಪೈಕಿ ಹೇಳಿದವರು ನೀವು. ಇಂವ ನಿಮ್ಮವ ಆದ ಭೀಮಕ್ಕ” ಎಂದ.

“ಒಬ್ಬನ್ನ ಹೊತ್ತ ನನ್ನ ನೆತ್ತಿ ಸವದೈತಿ. ಇವನ್ನ ನೀನ ಇಟಗೋಪಾ” ಎಂದು ಹಿಟ್ಟು ತೆಗೆದುಕೊಂಡು ಅವಳು ಹೋದಳು.

ಆ ವಾರದ ಓಬಳೆಪ್ಪನ ಸಂಭ್ರಮವನ್ನು ಏನೆಂದು ಬರೆಯಲಿ! ಗೊಂಬೆಗೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಸಿಕ್ಕಿತು. ಹನುಮಸಾಗರದ ಬಸ್ಸು ಹತ್ತಲು ನಿಂತವರನ್ನೂ ಕರೆತಂದು ತೋರಿಸಿದ. ಮಕ್ಬುಲಸಾಬ ಬರಲಿ, ಖಾಲಿ ಡಬ್ಬಿ ಹಿಡಿದುಕೊಂಡು ಹೋಗಲಿ.

ಹುಣ್ಣಿಮೆ ಕಳೆದು ಶನಿವಾರ, ಹಬ್ಬದಲ್ಲಿ ಹಿಟ್ಟು ತೀರಿತ್ತೆಂದು ಸೋಮವಾರಕ್ಕೆ ಕಾಯದೆ ನಾನು ಹೋದಾಗ ಪಾರ್ವತೆಮ್ಮ ಗೊಣಗುತ್ತಿದ್ದಳು. ಬೆಣ್ಣೆಗೆ ಹಿಟ್ಟು ಮೆತ್ತಿ, ಹಿಟ್ಟಿಗೆ ಇರುವೆ ಹತ್ತಿದ್ದವು. “ನಿಮ್ಮ ದೇವರಿಗೆ ಜಳಕ ಮಾಡಸ್ರಿ ಮೊದಲ.” ಓಬಳೆಪ್ಪ ಬಟ್ಟಲಲ್ಲಿ ಬಿಸಿನೀರು ಹಾಕಿ, ದಾಡಿ ಬ್ರಷ್ಷಿನಿಂದ ಅದನ್ನು ತೊಳೆಯತೊಡಗಿದ. ಅದು ಬಂದ ದಿನದಿಂದ ನೀರು ಕಂಡಿರಲಿಲ್ಲ. ಒಣ ಬ್ರಷ್ಷಿಗೆ ಸಿಗದ ಹಿಟ್ಟು ಸಂದುಗಳಲ್ಲೆಲ್ಲ ಗಟ್ಟಿಯಾಗಿತ್ತು. ಅದು ಕರಗಿದಂತೆ ಬೆರಳುಗಳು ಬಿಡಿಯಾಗಲಿಲ್ಲ. ಬಾತುಕೋಳಿಯ ಪಾದದ ಹಾಗೆ ಅವುಗಳ ನಡುವೆ ತೆಳ್ಳನೆಯ ತೊಗಲು ಮೂಡಿತು. ಕಿವಿಯ ಕೆಳಗೆ ಮೂರು ಗೆರೆ ಸೀಳಿಕೊಂಡವು. ಎಲೆಗಳು ನೀರಿನಲ್ಲಿ ಹೊಳೆದು ಪಾಚಿಯಾದವು.

ಓಬಳೆಪ್ಪ ಬೆರಳುಗಳ ನಡುವಿನ ತೊಗಲನ್ನು ಉಗುರಿನಿಂದ ಮುಟ್ಟಿ ನೋಡಿದ. ಆಮೇಲೆ ನನ್ನತ್ತ ತಿರುಗಿದ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಅಕ್ಕಾರ, ಇದು ಮೀನ್ರಿ.”

ಹಿಟ್ಟು ಮತ್ತೆ ಹಚ್ಚಿದರೆ ಮುಗಿಯಿತು, ಗಿರಣಿಯಲ್ಲಿ ಹಿಟ್ಟಿಗೇನು ಬರ. ಅದು ಅವನಿಗೂ ಹೊಳೆದಿತ್ತೆಂದು ಕಾಣುತ್ತದೆ; ಹೆಬ್ಬೆರಳು ಹಿಟ್ಟಿನ ಡಬ್ಬಿಯ ಅಂಚಿನ ಮೇಲೇ ಇತ್ತು. ನಾನು ಬಾಯೊಳಗೆ ಶಿವನಾಮ ಹೇಳುತ್ತ ನನ್ನ ಡಬ್ಬಿಯ ಮುಚ್ಚಳ ಹಾಕಿದೆ.

ಮರುದಿನವೂ ಹೋದೆ. ಡಬ್ಬಿ ಇಲ್ಲದೆ, ನೋಡಲೆಂದೇ. ಮಕ್ಬುಲಸಾಬ ಆಗಲೇ ಬಂದು ಮೆಟ್ಟಿಲ ಕೆಳಗೆ ನಿಂತು ಭೀಮಕ್ಕನ ಕಥೆಯನ್ನು ನಾಲ್ಕು ಬಾಯಿಂದ ಕೇಳುತ್ತಿದ್ದ. ಕೊನೆಗೆ ಟೋಪಿ ಸರಿಮಾಡಿಕೊಂಡು, “ನಿಮ್ಮ ಊರಾವ ಅಂದಮ್ಯಾಲೆ ನಂದೇನೈತಿ ಓಬಳೆಪ್ಪಣ್ಣ. ಸೋತೆ ನಾ” ಎಂದ.

ಎಲ್ಲವೂ ಅಲ್ಲಿಗೇ ನಿಲ್ಲಬಹುದಿತ್ತು. ಓಬಳೆಪ್ಪ ಸ್ಟೂಲು ಹತ್ತಿ ಗೊಂಬೆಯನ್ನು ಇಳಿಸಿದ. ಅದರ ಮೈಮೇಲೆ ಹಿಟ್ಟಿರಲಿಲ್ಲ. ಅದನ್ನು ನೀರಿನ ಬಟ್ಟಲೊಳಗೆ ನಿಲ್ಲಿಸಿ, ಬಟ್ಟಲನ್ನು ಮಕ್ಬುಲಸಾಬನ ಮುಂದೆ ಹಿಡಿದ.

“ಬೆರಳು ನೋಡ್ರಿ ಸಾಹೇಬ್ರ.”

ಮಕ್ಬುಲಸಾಬ ನೋಡಿದ. “ಅರೆ! ಕೆರಿಯಿಂದ ಎದ್ದು ಬರೂ ಮೀನಮನಶ್ಯಾ! ಟೆಂಟಿನ್ಯಾಗ ನೋಡಿದ್ನಲ್ಲ, ಅವನ ಪೈಕಿ ಇಂವ!” ಕೂಗಿದ ಮೇಲೆ ತಾನೇ ಗಾಬರಿಯಾದ. “ಯಾಕ ತೋರಿಸಿದ್ಯೋ ಮಾರಾಯ? ಸುಮ್ಕಿದ್ರ ನಿನ್ನ ಹಂತ್ಯಾಕ ಇರ್ತಿದ್ದ.”

“ಸುಳ್ಳು ಪೈಕಿ ಹೇಳಿ ಯಾರನ್ನೂ ಮನ್ಯಾಗ ಕುಂಡ್ರಸಬಾರದ್ರಿ” ಎಂದ ಓಬಳೆಪ್ಪ. “ಅವನ ಮಂದಿ ಅವಗ ಸಿಗಬೇಕಲ್ಲ.”

ಮಾತಂದರೆ ಮಾತು. ಮಕ್ಬುಲಸಾಬ ಡಬ್ಬಿ ತೆಗೆದ. ಅಷ್ಟು ದಿನ ಅಣಕಿಸಿದ ಪಾರ್ವತೆಮ್ಮ ಒಳಗಿಂದ ರೊಟ್ಟಿಯ ಬುತ್ತಿ ತಂದಳು, ಮೇಲೆ ಒಂದು ಉಂಡೆ ಬೆಣ್ಣೆ. “ಗಂಗಾವತಿ ದೂರ ಐತಿ. ಹಸಗೊಂಡು ಹೋಗಬಾರದು” ಎಂದಳು, ಯಾರು ಎಂದು ಹೇಳಲಿಲ್ಲ. “ಕಾಲುವಿ ಸೀಮಿ ನಮ್ಮದು. ನೀರಿನಾವಗ ನೀರು ಸಿಕ್ತು” ಎಂದು ಸಮಾಧಾನ ಹೇಳಿ ಮಕ್ಬುಲಸಾಬ ಬಸ್ಸು ಹತ್ತಿದ. ಮೇಲಿನ ಮೆಟ್ಟಿಲಿಗೆ ಓಬಳೆಪ್ಪ ಬೇರೆ ಯಾರನ್ನೂ ಏರಿಸಲಿಲ್ಲ. ಪಾಕೀಟುಗಳು ಬಂದವು, ತೋಳ ಬಂತು, ಇಬ್ಬರು ಬಾವಲಿಗಳು ಬಂದರು. ಆ ಜಾಗದಲ್ಲಿ ಹಿಟ್ಟು ಮಾತ್ರ ಕೂರುತ್ತಿತ್ತು.

ಈ ವರ್ಷ ಚೌತಿ ಕಳೆದು, ಭೀಮಕ್ಕ ಇನ್ನೂ ಬುಟ್ಟಿ ಎತ್ತುವ ಮುಂಚೆ, ಮಕ್ಬುಲಸಾಬ ಗಿರಣಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅದೇ ಡಬ್ಬಿ.

“ನಿಮ್ಮ ಕುಮಾರ ಬಂದಾನ್ರಿ. ಹಬ್ಬಕ್ಕಂತ. ಹುಣ್ಣಿಮಿ ಆದಮ್ಯಾಲೆ ಬಂದು ಕರಕೊಂಡು ಹೋಗ್ತೀನಿ.”

“ಅದು ಮೀನೈತಲ್ರೀ” ಎಂದ ಓಬಳೆಪ್ಪ.

“ನಮ್ಮ ಊರಾಗ ಮೀನು. ನಿಮ್ಮ ಊರಾಗ ಬೆಣ್ಣಿ ತಿಂದಾನ. ಉಂಡ ಮನಿ ಮರೀತಾನೇನು?”

ಓಬಳೆಪ್ಪ ಸ್ಟೂಲು ಹತ್ತಿ ಆ ಮೇಲಿನ ಮೆಟ್ಟಿಲಿನ ಹಿಟ್ಟು ಒರೆಸಿದ. ಆಮೇಲೆ, ನಾನು ಕಂಡಂತೆ ಮೊದಲ ಸಲ, ಅಂಗಿಯ ತೋಳಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡ. ಅವನ ಹುಬ್ಬು ಕಪ್ಪಗೇ ಇದೆ.

ಯಾರ ಪೈಕಿ ಎಂದು ಕೇಳುವವರು ನಮ್ಮಲ್ಲಿ ಬಹಳ. ಹೆಚ್ಚಿನವರು ಬಾಗಿಲನ್ನು ಎಷ್ಟು ತೆರೆಯಬೇಕೆಂದು ಅಳೆಯಲು ಕೇಳುತ್ತಾರೆ. ಅಪರೂಪಕ್ಕೆ ಓಬಳೆಪ್ಪನಂಥವರು ಹುಟ್ಟುತ್ತಾರೆ. ಅವರು ಕೇಳುವುದು ಬಂದವನನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲು. ಅಂಥವರ ಮನೆಯಲ್ಲಿ ರಾಕ್ಷಸರಿಗೂ ಒಂದು ಮೆಟ್ಟಿಲಿರುತ್ತದೆ, ಹೋದವನಿಗಾಗಿ ಒಂದು ಮೆಟ್ಟಿಲು ಖಾಲಿಯೂ ಇರುತ್ತದೆ.