ವಸಡು ಬಣ್ಣದ ಕಾರು

ನನ್ನ ಭಾವ ಮಾತನಾಡುವಾಗ ಎದುರಿನವರ ಕಣ್ಣನ್ನು ನೋಡುತ್ತಿರಲಿಲ್ಲ, ಬಾಯನ್ನು ನೋಡುತ್ತಿದ್ದರು. ಬಂದವರು ಸಂಸಾರದ ತಾಪತ್ರಯವನ್ನು ಕಣ್ಣೀರಿಟ್ಟು ಹೇಳಿಕೊಳ್ಳುತ್ತಿದ್ದರೂ ಇವರ ದೃಷ್ಟಿ ಅವರ ಮೇಲ್ದವಡೆಯ ಎಡಬದಿಯಲ್ಲೆಲ್ಲೋ ನೆಟ್ಟು ನಿಂತಿರುತ್ತಿತ್ತು. ಕೇಳಿಸಿಕೊಳ್ಳುತ್ತಿದ್ದರು, ಒಂದಕ್ಷರವೂ ಬಿಡದಂತೆ ಕೇಳಿಸಿಕೊಳ್ಳುತ್ತಿದ್ದರು, ಆದರೆ ಮಾತು ಹೊರಡುವ ಬಾಗಿಲನ್ನು ನೋಡಿಕೊಂಡು. ನಮ್ಮಕ್ಕನ ಮದುವೆಯ ಗುಂಪು ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ, ಮದುಮಗ ಮಾತ್ರ ಕತ್ತು ಹೊರಳಿಸಿ ಪಕ್ಕದಲ್ಲಿ ಬೊಚ್ಚುಬಾಯಿ ಬಿಟ್ಟು ನಗುತ್ತಿರುವ ನಮ್ಮಜ್ಜಿಯನ್ನು ತದೇಕಚಿತ್ತದಿಂದ ನೋಡುತ್ತಿದ್ದಾರೆ. ಮದುವೆಯಾದ ತಿಂಗಳೊಳಗೆ ಅಜ್ಜಿಗೆ ಎರಡು ಸಾಲು ಹೊಸ ಹಲ್ಲು ಬಂದವು.

ಅವರದು ಕಟ್ಟುಹಲ್ಲು ಮಾಡುವ ಕಸುಬು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರು ಹೊಯ್ದು, ಮೇಣದಲ್ಲಿ ವಸಡು ತಿದ್ದಿ, ಹಲ್ಲು ಕೂರಿಸಿ, ಕೊನೆಗೆ ಮೇಣವಿದ್ದ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ, ಬೇಯಿಸಿ, ಉಜ್ಜಿ ಹೊಳಪು ಕೊಡುವುದು ಇವರ ಪಾಲಿನದು. ಔಷಧಿ ಅಂಗಡಿಯ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಮೂರು ಗೋಡೆಗೂ ಹಲಗೆ, ಹಲಗೆಗಳ ತುಂಬ ಊರಿನವರ ಪ್ಲಾಸ್ಟರಿನ ದವಡೆಗಳು. ಮಧ್ಯಾಹ್ನ ಕಿಟಕಿಯಿಂದ ಓರೆಯಾಗಿ ಬಿಸಿಲು ಬಿದ್ದಾಗ ಉಜ್ಜಿದ ಅಕ್ರಿಲಿಕ್ಕಿನ ನಸುಗೆಂಪು ದೂಳು ಗಾಳಿಯಲ್ಲಿ ನಿಧಾನವಾಗಿ ಏರುತ್ತ ಇಳಿಯುತ್ತ ತೇಲುತ್ತಿತ್ತು. ಆ ಬೆಳಕಿನಲ್ಲಿ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕರಡು ತಿದ್ದುವ ನನ್ನ ಕೆಲಸ ಮುಗಿಸಿ ನಾನು ದಿನವೂ ಅಲ್ಲಿಗೆ ಹೋಗಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರುತ್ತಿದ್ದೆ.

ಅವರ ಬಿಳಿ ಕೋಟಿಗೆ ಪ್ಲಾಸ್ಟರು ಮೆತ್ತಿ ಮೆತ್ತಿ, ಗೋಡೆಗೆ ಒರಗಿಸಿದರೆ ತಾನೇ ನಿಲ್ಲುವಷ್ಟು ಬಿರುಸಾಗಿತ್ತು. ನಡಿಗೆಯೋ, ತುಂಬಿದ ಬಟ್ಟಲು ಹಿಡಿದವರ ನಡಿಗೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತಿತ್ತು. ಏನು ಹೇಳಿದರೂ ಕೊನೆಗೆ 'ಹಾಗಂದ್ಕೊಳ್ಳೋಣ' ಎಂದು ಸೇರಿಸುವುದು ರೂಢಿ. 'ಊಟ ಆಯ್ತಾ ಭಾವ?' ಎಂದರೆ 'ಆಯ್ತು ಹಾಗಂದ್ಕೊಳ್ಳೋಣ' ಎನ್ನುವರು. ಎದುರಿಗೇ ಕೂತು ಬಡಿಸಿದ ಅಕ್ಕನಿಗೆ ಮೈ ಉರಿಯುತ್ತಿತ್ತು. ಇನ್ನೊಂದು ಚಟವೆಂದರೆ, ಕೈಗೆ ಸಿಕ್ಕ ವಸ್ತುವಿನ ಅಂಚಿನ ಮೇಲೆಲ್ಲ ಹೆಬ್ಬೆರಳು ಆಡಿಸುವುದು. ಮೇಜಿನ ತುದಿ, ಲೋಟದ ಕಂಠ, ಬೀಗದ ಕೈ, ಯಾವುದೂ ಬಿಟ್ಟದ್ದಲ್ಲ. ಎಲ್ಲಿ ತರಿತರಿಯಾಗಿ ಸಿಕ್ಕಿತೋ ಅಲ್ಲಿ ಮುಖ ಹಿಂಡಿಕೊಂಡು ಜೇಬಿನಿಂದ ಉಜ್ಜುಕಾಗದ ತೆಗೆಯುವರು. 'ನಾಲಿಗೆಗೆ ಕೂದಲೂ ಕಂಬ ಕಣಪ್ಪಾ' ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಮೂವತ್ತೆಂಟು ವರ್ಷ ಊರಿನ ನಾಲಿಗೆಗಳಿಗೆ ಅಂಜಿ ಬದುಕಿದ ಮನುಷ್ಯ ಅವರು. ನಾವೂ ಅಂಜುತ್ತೇವೆ, ಆದರೆ ಬೇರೆ ಕಾರಣಕ್ಕೆ.

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರ ಬಲಗೈ ನಡುಗತೊಡಗಿತು. ಪ್ರಾಣಕ್ಕೇನೂ ಭಯವಿಲ್ಲ, ಆದರೆ ಇದು ಹೋಗುವುದೂ ಇಲ್ಲ ಎಂದರು ಡಾಕ್ಟರು. ಮೇಣದಲ್ಲಿ ವಸಡು ತಿದ್ದುವ ಚಾಕು ಗೆರೆ ತಪ್ಪಿತು. ಒಂದು ಸೆಟ್ಟು ವಾಪಸು ಬಂತು, ಆಮೇಲೆ ಇನ್ನೊಂದು. ಹಲ್ಲಿನ ಡಾಕ್ಟರುಗಳು ಸಭ್ಯರು, ಯಾರೂ ಏನೂ ಅನ್ನಲಿಲ್ಲ. ಬರುವ ಅಚ್ಚುಗಳು ಮಾತ್ರ ಕಡಿಮೆಯಾದವು. ಭಾವ ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಲು ಕಲಿತರು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು; ಅಕ್ಕ ಕಾಫಿ ಲೋಟವನ್ನು ಮುಕ್ಕಾಲಷ್ಟೇ ತುಂಬಿಸಿ ಕೊಡತೊಡಗಿದಳು.

ಆಗ ಕೆಳಗಿನ ಔಷಧಿ ಅಂಗಡಿಯವರು ಚಕ್ರ ಮುರಿದ ಒಂದು ಆಟದ ಕಾರನ್ನು ರಿಪೇರಿಗೆ ಕೊಟ್ಟರು. ಬ್ಯಾಟರಿಯದು, ರಿಮೋಟಿನಲ್ಲಿ ಓಡುವಂಥದು, ಅಂಗೈಯಷ್ಟು ದೊಡ್ಡದು. ಚಕ್ರ ಕೂಡಿಸಿ ಮನೆಯ ನಡುಮನೆಯಲ್ಲಿ ಓಡಿಸಿ ನೋಡಿದರು. ಕಾರು ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಅದುರುತ್ತ ಹೋಯಿತು. ಅಕ್ಕ ನಕ್ಕುಬಿಟ್ಟಳು. 'ಅಯ್ಯೋ ನೋಡ್ರೀ, ಪಾಪ, ಅದಕ್ಕೆ ಚಳಿ ಆಗ್ತಿದೆ!' ನಗು ಅರ್ಧದಲ್ಲಿದ್ದಾಗಲೇ ಅವಳಿಗೆ ಅರ್ಥವಾಗಿ ಒಳಗೆ ಹೋದಳು. ಜೇಬಿನಲ್ಲಿ ಮುಚ್ಚಿಟ್ಟಿದ್ದ ನಡುಕ ನೆಲದ ಮೇಲೆ ಎಲ್ಲರಿಗೂ ಕಾಣುವಂತೆ ಓಡಾಡಿತ್ತು.

ಮಾರನೆಯ ದಿನ ಮಹಡಿಯ ಮೆಟ್ಟಿಲ ಮೇಲೆ ಸಿಕ್ಕಾಗ ನನಗೆ ಹೇಳಿದರು: 'ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾನೂ ಕಾರು ಡೊಂಕು ಅಂದ್ಕೊಂಡೆ. ಅಲ್ಲ. ಹಗುರವಾದದ್ದು ಕೈ ಹೇಳಿದ್ದನ್ನೆಲ್ಲ ಕೇಳುತ್ತೆ, ನಡುಗಿದ್ದನ್ನೂ ಸೇರಿಸಿ. ಭಾರವಾದದ್ದು ಯೋಚನೆ ಮಾಡಿ ಕೇಳುತ್ತೆ. ನಾನೊಂದು ಭಾರದ ಕಾರು ಮಾಡ್ತೀನಿ. ಪೆಟ್ರೋಲಿಂದು. ಈ ಕೈಯಿಂದ ಇನ್ನೊಂದೇ ಒಂದು ವಸ್ತು ನೆಟ್ಟಗೆ ಹೋದ್ರೂ ಸಾಕು, ಇಲ್ಲದಿದ್ರೆ ಕೋಣೆಗೆ ಬೀಗ.' ಅಷ್ಟು ಉದ್ದದ ಮಾತನ್ನು, ಅದೂ ಕೊನೆಗೊಂದು 'ಹಾಗಂದ್ಕೊಳ್ಳೋಣ' ಇಲ್ಲದೆ, ಅವರಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಕಾರು ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ; ಆದರೆ ಹಲ್ಲಿದ್ದವು. ಗುಜರಿಯವನ ತಾಯಿಗೆ, ಮೂರು ಸಲ ಕೆಡಿಸಿ ತಿದ್ದಿ, ಒಂದು ಸೆಟ್ಟು ಕಟ್ಟಿಕೊಟ್ಟದ್ದಕ್ಕೆ ಹುಲ್ಲು ಕತ್ತರಿಸುವ ಯಂತ್ರದ ಹಳೆಯ ಎಂಜಿನು ಬಂತು, ಮುಷ್ಟಿಗಿಂತ ತುಸು ದೊಡ್ಡದು. ಆಟದ ವಿಮಾನವನ್ನು ಮರಕ್ಕೆ ಗುದ್ದಿಸಿ ಕಳೆದುಕೊಂಡಿದ್ದ ಫೋಟೋಗ್ರಾಫರನಿಗೆ ಮುಂದಿನ ಒಂದು ಹಲ್ಲು ಕಟ್ಟಿಕೊಟ್ಟದ್ದಕ್ಕೆ ಅವನ ರಿಮೋಟೂ, ಚಕ್ರ ತಿರುಗಿಸುವ ಪುಟ್ಟ ಮೋಟರೂ ಬಂದವು. ತಳ್ಳುಗಾಡಿಯ ಚಕ್ರ, ಮುರಿದ ಏಣಿಯ ಅಲ್ಯೂಮಿನಿಯಂ ಪಟ್ಟಿ, ಸೈಕಲ್ ಚೈನು, ಹೀಗೆ ಊರಿನ ಕಸವೆಲ್ಲ ಮಹಡಿ ಹತ್ತಿತು. 'ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ; ನಿಮ್ಮ ಭಾವ ಎರಡನ್ನೂ ಅದಲುಬದಲು ಮಾಡ್ತಿದ್ದಾರೆ' ಎಂದು ಅಕ್ಕ ಹಂಗಿಸಿದಳು. ಕೋಪವೇನಿರಲಿಲ್ಲ, ಕೈ ಜೇಬಿನಿಂದ ಹೊರಗೆ ಬಂದದ್ದನ್ನು ಅವಳೂ ಕಂಡಿದ್ದಳು.

ಹದಿನಾಲ್ಕು ತಿಂಗಳು ಹಿಡಿಯಿತು. ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಕಟ್ಟಿ, ಎರಡು ನಡುಕಗಳ ನಡುವಿನ ತೆರಪಿಗಾಗಿ ಕಾದು, ಒಂದು ಸ್ಕ್ರೂ ತಿರುಗಿಸುವರು, ಮತ್ತೆ ಕಾಯುವರು. ಕಾರಿನ ಮೈಯನ್ನು ತಮಗೆ ಗೊತ್ತಿದ್ದ ಒಂದೇ ವಿಧಾನದಲ್ಲಿ ಮಾಡಿದರು: ಮೇಣದಲ್ಲಿ ರೂಪ, ಪ್ಲಾಸ್ಟರಿನಲ್ಲಿ ಅಚ್ಚು, ಅಚ್ಚಿಗೆ ಅಕ್ರಿಲಿಕ್. ಬಣ್ಣ ಬೇರೆ ಇರಲಿಲ್ಲವಾಗಿ ಕಾರು ಅಪ್ಪಟ ವಸಡಿನ ಗುಲಾಬಿಯಾಯಿತು. ಕಿಟಕಿಯ ಬೆಳಕಿನಲ್ಲಿ, ಸುತ್ತಲೂ ನೂರಾರು ದವಡೆಗಳ ನಡುವೆ, ಅದು ಇನ್ನೂ ಹುಟ್ಟದ ಯಾವುದೋ ಜೀವಿ ಮಲಗಿದ ಹಾಗೆ ತೋರುತ್ತಿತ್ತು. ನಾನು ಪುಸ್ತಕ ಮಡಚಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದೆ.

ಕೊನೆಗೆ ಎಂಜಿನನ್ನು ಬಿಚ್ಚಿ ಶುಚಿಮಾಡಲು ಕೂತರು. ಪಿಸ್ಟನ್ನು ಮೇಲೆ ಕೆಳಗೆ ಆಡುವ ಸಿಲಿಂಡರಿನ ಒಳಗೋಡೆಗೆ ಕಿರುಬೆರಳು ಹಾಕಿ ಸವರಿದವರೇ ಬೆಚ್ಚಿದರು. ಒಳಗೆಲ್ಲ ಅಡ್ಡಡ್ಡ ಸಣ್ಣ ಗೀರುಗಳು! ಇಂಥ ಒರಟು ಕೆಲಸವನ್ನು ಕಾರ್ಖಾನೆಯವರು ಹೇಗೆ ಹೊರಗೆ ಬಿಟ್ಟರೆಂದು ಅವರಿಗೆ ನಾಚಿಕೆಯೇ ಆಯಿತು. ಮೂರು ದಿನ ಕೂತು, ಹಲ್ಲಿಗೆ ಹೊಳಪು ಕೊಡುವ ಪುಡಿಯಿಂದ ಆ ಗೋಡೆಯನ್ನು ಉಜ್ಜಿದರು. ನನ್ನನ್ನು ಕರೆದು ಬ್ಯಾಟರಿ ದೀಪ ಬಿಟ್ಟು ತೋರಿಸಿದರು. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ನಾನು ಬಲ್ಲವನಂತೆ ತಲೆದೂಗಿದೆ.

ಮುಚ್ಚಿದ ಗೋದಾಮೊಂದರ ಸಿಮೆಂಟು ಅಂಗಳದಲ್ಲಿ, ಒಂದು ಭಾನುವಾರ ಬೆಳಗ್ಗೆ, ಎಣ್ಣೆ ಬೆರೆಸಿದ ಪೆಟ್ರೋಲು ಹಾಕಿ ಹಗ್ಗ ಎಳೆದರು. ಏಳನೆಯ ಎಳೆತಕ್ಕೆ ಅದು ಕೆಮ್ಮಿ, ಕೂಗಿ, ನೀಲಿ ಹೊಗೆ ಬಿಟ್ಟಿತು. ಅಕ್ಕ ಕಿವಿ ಮುಚ್ಚಿಕೊಂಡು ನಕ್ಕಳು. ನಿಂತಲ್ಲೇ ನಿಂತು ಎರಡು ನಿಮಿಷ ಗುಡುಗಿದ ಎಂಜಿನು, ಇನ್ನೇನು ಕಾರು ಹೊರಡಬೇಕೆನ್ನುವಾಗ ಕಿರ್ರೆಂದು ಕಿರುಚಿ ಸ್ತಬ್ಧವಾಯಿತು. ಹಗ್ಗ ಎಳೆದರೆ ಅಲ್ಲಾಡದು, ಪಿಸ್ಟನ್ನು ಕಚ್ಚಿಕೊಂಡಿತ್ತು. ಭಾವ ಸಿಮೆಂಟಿನ ಮೇಲೆ ಕುಸಿದು ಕೂತರು. 'ಮುಗೀತು ಕಣಪ್ಪಾ. ಈ ಕೈ ಮುಗೀತು.' ನನಗೆ ಅಳು ಬಂತು. ಇನ್ನೊಂದು ಎಂಜಿನಿಗೆ ಇನ್ನು ಯಾರ ಬಾಯನ್ನು ಹುಡುಕುವುದು?

ಎಂಜಿನನ್ನು ನಾನೇ ಬಟ್ಟೆಯಲ್ಲಿ ಕಟ್ಟಿಕೊಂಡು, ಅವರನ್ನು ಎಬ್ಬಿಸಿಕೊಂಡು, ಲಾರಿ ಎಂಜಿನುಗಳ ಸವೆದ ಸಿಲಿಂಡರು ಕೊರೆದು ಸರಿಮಾಡುವ ಬೋರಿಂಗ್ ಕೆಲಸದ ಮುದುಕನ ಶೆಡ್ಡಿಗೆ ಹೋದೆ. ಆತ ಬಿಚ್ಚಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

'ಯಾರ್ರೀ ಇದನ್ನ ಕನ್ನಡಿ ಮಾಡಿದ್ದು?'

'ನಾನೇ' ಎಂದರು ಭಾವ.

'ಎಂಥ ಕೆಲಸ ಮಾಡಿದ್ರೀ ಯಜಮಾನ್ರೇ! ಆ ಗೀರು ಬೇಕು ಅಂತಾನೇ ಹಾಕಿರ್ತಾರೆ. ಗೀರಿದ್ರೆ ತಾನೇ ಎಣ್ಣೆ ನಿಲ್ಲೋದು? ಇಷ್ಟು ನುಣ್ಣಗಾದ್ರೆ ಎಣ್ಣೆ ಕಾಲೂರೋದೆಲ್ಲಿ? ಅತಿಯಾದ್ರೆ ಅಮೃತಾನೂ ವಿಷ.'

ಭಾವ ಆ ಮಾತು ಕೇಳಿ ನಿಂತ ರೀತಿಯನ್ನು ನಾನು ಮರೆಯಲಾರೆ. ಜೀವಮಾನವಿಡೀ ನಂಬಿದ ಶಾಸ್ತ್ರವನ್ನು ಯಾರೋ ಅಪರಿಚಿತ ನಗುತ್ತ ತಲೆಕೆಳಗು ಮಾಡಿದಂತಿತ್ತು. ಆದರೆ ಬೇಸರವಿರಲಿಲ್ಲ. ಕೈ ತಪ್ಪಿದ್ದಲ್ಲ, ತಿಳಿವಳಿಕೆ ತಪ್ಪಿದ್ದು ಎಂಬುದು ಅವರಿಗೆ ನಿಧಾನವಾಗಿ ಇಳಿಯುತ್ತಿತ್ತು. ಮುದುಕ ಅವರ ಬಲಗೈಯನ್ನೊಮ್ಮೆ ನೋಡಿದ. ಗೀರು ಹಾಕುವ ಕಲ್ಲಿನ ಸಲಕರಣೆಯನ್ನು ಆ ಕೈಗೇ ಕೊಟ್ಟು, ಹೇಗೆಂದು ತೋರಿಸಿದ. ಭಾವ ಕಣ್ಣು ಮುಚ್ಚಿಕೊಂಡು, ಪಾಪಕಾರ್ಯ ಮಾಡುವವರಂತೆ ತುಟಿ ಬಿಗಿಹಿಡಿದು, ಹೊಳೆಯುವ ಗೋಡೆಯ ಮೇಲೆ ಗೀರು ಹಾಕಿದರು. ಹಾಳಾಗಿದ್ದ ಪಿಸ್ಟನ್ನಿಗೆ ಬದಲು ಇನ್ನೊಂದನ್ನು ಮುದುಕನೇ ಡಬ್ಬಿಯೊಂದರಲ್ಲಿ ತಡಕಾಡಿ ಕೊಟ್ಟ.

ಎರಡು ವಾರದ ನಂತರ ಅದೇ ಅಂಗಳ. ಭಾವ ಪ್ಲಾಸ್ಟರಿನ ಪುಡಿಯಿಂದ ಅಂಗಳದ ಈ ತುದಿಯಿಂದ ಆ ತುದಿಗೆ ನೇರವಾಗಿ ಬಿಳಿಗೆರೆಯೊಂದನ್ನು ಹಾಕಿಸಿದರು, ನನ್ನ ಕೈಯಿಂದ. ಗೆರೆ ಎರಡು ಚಕ್ರಗಳ ನಡುವೆಯೇ ಇರಬೇಕು, ಇಷ್ಟೇ ಪರೀಕ್ಷೆ. ಎಂಜಿನು ಎರಡನೆಯ ಎಳೆತಕ್ಕೇ ಎದ್ದಿತು. ಇಳಿಬಿಸಿಲಿನಲ್ಲಿ ಗುಲಾಬಿ ಕಾರು ಹೊರಟಿತು. ನಾನು ಮೊದಲು ಅವರ ಕೈ ನೋಡಿದೆ: ರಿಮೋಟಿನ ಮೇಲೆ ಹೆಬ್ಬೆರಳು ಎಂದಿನಂತೆ, ಎಂದಿಗಿಂತ ಜಾಸ್ತಿಯೇ, ಅದುರುತ್ತಿತ್ತು. ಆಮೇಲೆ ಕಾರನ್ನು ನೋಡಿದೆ. ಅದು ಆ ನಡುಕವನ್ನೆಲ್ಲ ತನ್ನ ಭಾರದೊಳಗೆ ನುಂಗಿಕೊಂಡು, ಅವಸರವಿಲ್ಲದೆ, ಗೆರೆಯ ಮೇಲೆ ನೆಟ್ಟಗೆ ಹೋಗುತ್ತಿತ್ತು. ಅಂಗಳವೇ ಉದ್ದವಾಗುತ್ತ ಹೋಯಿತೋ ಏನೋ. ಆ ಹೋಗುವಿಕೆ ಎಷ್ಟು ಹೊತ್ತು ನಡೆಯಿತೆಂದು ಕೇಳಿದರೆ ನನಗೆ ಇಂದಿಗೂ ಹೇಳಲಾಗದು. ಅಂಗಳದ ನಡುವೆ ಗೆರೆಯ ಪಕ್ಕದಲ್ಲಿದ್ದ ದೀಪದ ಕಂಬ ದಾಟಿತು, ಗೆರೆಯ ತುದಿಯ ಮರಳುಗುಡ್ಡೆಗೆ ನುಗ್ಗಿ, ಗೊರಗೊರ ಎಂದು ನಿಂತಿತು.

ಅಕ್ಕ ಅಳುತ್ತಲೇ ಗೆರೆಯುದ್ದಕ್ಕೂ ಓಡಿದಳು. 'ಎಲ್ಲೂ ತಪ್ಪಿಲ್ಲ ರೀ! ಎಲ್ಲೂ ತಪ್ಪಿಲ್ಲ!' ಭಾವ ಮಾತ್ರ ರಿಮೋಟನ್ನು ಕೆಳಗಿಟ್ಟು, ಕಂಬದವರೆಗೆ ನಡೆದು ಹೋಗಿ, ಅಲ್ಲೇ ನಿಂತರು. 'ಇಲ್ಲೀತನಕ ನಂದು. ಇಲ್ಲಿಂದಾಚೆಗೆ ಈ ಹಳೇ ರಿಮೋಟಿನ ಸಿಗ್ನಲ್ ಮುಟ್ಟಲ್ಲ. ಅದು ತಾನೇ ಹೋಗಿದೆ. ಅದನ್ನ ನನ್ನ ಲೆಕ್ಕಕ್ಕೆ ಹಾಕಬೇಡಿ' ಎಂದರು. ನಗುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು.

ಮರುದಿನ ಅವರು ಕೋಣೆಗೆ ಬೀಗ ಹಾಕಲಿಲ್ಲ. ಮೇಣ ತಿದ್ದುವ ಚಾಕುಗಳನ್ನೆಲ್ಲ ಸಾಲಾಗಿಟ್ಟುಕೊಂಡು, ಒಂದೊಂದರ ಹಿಡಿಗೂ ಸೀಸ ಕರಗಿಸಿ ಹೊಯ್ದು ಭಾರ ಮಾಡಿದರು. ಕಡ್ಡಿಯಂತಿದ್ದ ಚಾಕು ಸುತ್ತಿಗೆಯಷ್ಟು ತೂಕವಾಯಿತು, ಆ ತೂಕಕ್ಕೆ ಕೈಯ ನಡುಕ ತಕ್ಕಮಟ್ಟಿಗೆ ತಗ್ಗಿತು. ಆಮೇಲೆ ಹಲ್ಲಿನ ಡಾಕ್ಟರುಗಳಲ್ಲಿಗೆ ತಾವೇ ಹೋಗಿ, ನಡುಗುವ ಕೈಯನ್ನು ಅವರ ಮೇಜಿನ ಮೇಲಿಟ್ಟು ತೋರಿಸಿ, ಇಂಥ ಕೆಲಸ ಆಗುತ್ತದೆ, ಇಂಥದು ಆಗುವುದಿಲ್ಲ ಎಂದು ಹೇಳಿ ಬಂದರು. ಅರ್ಧದಷ್ಟು ಅಚ್ಚುಗಳು ಮರಳಿ ಬಂದವು.

ಇಂಥ ಜನ ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ. ಯಾವುದೋ ಮಹಡಿಯಲ್ಲಿ, ಯಾರೂ ಕೇಳದ ಯಾವುದನ್ನೋ, ಗುಜರಿ ಸಾಮಾನಿನಲ್ಲಿ ವರ್ಷಗಟ್ಟಲೆ ಕಟ್ಟುತ್ತ ಕೂತಿರುತ್ತಾರೆ; ನಾವು ಹಾದು ಹೋಗುವಾಗ ಇಣುಕಿ, ಈ ವಯಸ್ಸಿನಲ್ಲಿ ಆಟಿಕೆಯ ಹುಚ್ಚೆಂದು ನಗುತ್ತೇವೆ. ನಮಗೆ ಕಷ್ಟ ಬಂದಾಗ ಅದು ತೊಲಗಲಿ ಎಂದು ಬೇಡಿಕೊಳ್ಳುತ್ತೇವೆ, ತೊಲಗದಿದ್ದರೆ ಮುಚ್ಚಿಡುತ್ತೇವೆ, ಮುಚ್ಚಿಟ್ಟು ಸುಸ್ತಾಗುತ್ತೇವೆ. ಅವರಿಗೆ ಬೇಡಿಕೊಳ್ಳಲು ಬಾರದು. ತಮ್ಮ ಕಷ್ಟದ ತೂಕ ಎಷ್ಟೆಂದು ಅಳೆದುಕೊಂಡು, ಅದಕ್ಕಿಂತ ಒಂದಿಷ್ಟು ಹೆಚ್ಚು ತೂಗುವ ವಸ್ತುವೊಂದನ್ನು ತಮ್ಮ ಕೈಯಿಂದಲೇ ಮಾಡಿ, ಅದನ್ನು ಬಿಸಿಲಿಗೆ ತಂದು ಓಡಿಸುತ್ತಾರೆ.