ಲಿಫ್ಟಿನ ಬಾಗಿಲಿಂದ ಮಂದಿರದ ಬಾಗಿಲಿಗೆ

ಅಪ್ಪನಿಗೆ ದಿಕ್ಕಿನ ಅರಿವು ಇರಲಿಲ್ಲ.

ಬೀದಿಯ ಕೊನೆಯಲ್ಲಿರುವ ಔಷಧಿ ಅಂಗಡಿಗೆ ಹೋದವನು ವಾಪಸು ಬರುವಾಗ ಹಿಂದಿನ ಬೀದಿಯಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡುತ್ತಿದ್ದ. "ಎದುರಿಗೆ ಏನು ಕಾಣ್ತಿದೆ?" ಎಂದು ಅಮ್ಮ ಕೇಳುತ್ತಿದ್ದಳು. "ಒಂದು ಮನೆ ಕಾಣ್ತಿದೆ" ಎನ್ನುತ್ತಿದ್ದ. ಅಮ್ಮ ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದಳು.

ಇದರಲ್ಲಿ ಅವನ ತಪ್ಪೇನೂ ಇಲ್ಲ. ಎಂಟು ಮಹಡಿಯ ವಿಮಾ ಕಚೇರಿಯಲ್ಲಿ ವರ್ಷಗಟ್ಟಲೆ ಲಿಫ್ಟ್ ನಡೆಸಿದವನು ಅವನು. ಆ ಕೆಲಸದಲ್ಲಿ ಎಡ ಬಲ ಬರುವುದೇ ಇಲ್ಲ. ಮೇಲೆ, ಕೆಳಗೆ, ಮುಗಿಯಿತು. ಹಳೆಯ ಕಾಲದ ಲಿಫ್ಟ್. ಗುಂಡಿ ಇಲ್ಲ, ಹಿತ್ತಾಳೆಯ ಹಿಡಿಕೆ. ಮಹಡಿಯ ಸಂಖ್ಯೆ ತೋರಿಸುವ ದೀಪ ಯಾವಾಗಲೋ ಕೆಟ್ಟಿತ್ತು, ಯಾರೂ ರಿಪೇರಿ ಮಾಡಿಸಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಅಪ್ಪ ಮೊಣಕಾಲಿನಿಂದ, ಕಿವಿಯಿಂದ ತಿಳಿಯುತ್ತಿದ್ದ. ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದು ಬೆರಳಿನಷ್ಟು ಹೆಚ್ಚುಕಡಿಮೆಯಾದರೆ ಬಾಗಿಲನ್ನೇ ತೆರೆಯುತ್ತಿರಲಿಲ್ಲ. ಒಳಗೆ ನಿಂತ ಗುಮಾಸ್ತರು ಗೊಣಗುವರು. "ಸಮ ಆಗ್ಲಿ ತಡೀರಿ ಸ್ವಾಮಿ. ಎಡವಿ ಬಿದ್ದರೆ ನಿಮ್ಮ ಕಚೇರೀನೇ ನಿಮಗೆ ವಿಮೆ ಕೊಡಲ್ಲ" ಎನ್ನುವನು.

ಹನ್ನೆರಡು ವರ್ಷದ ಹಿಂದೆ ಐದನೇ ಮತ್ತು ಆರನೇ ಮಹಡಿಯ ನಡುವೆ ಆ ಲಿಫ್ಟ್ ನಿಂತುಬಿಟ್ಟಿತು. ಅಪ್ಪನನ್ನು ಬಿಟ್ಟು ಒಳಗೆ ಏಳು ಜನ. ತಲೆಯ ಮೇಲೆ ಉಕ್ಕಿನ ಹಗ್ಗದ ಎಳೆಗಳು ಒಂದೊಂದಾಗಿ ಕಿತ್ತುಕೊಳ್ಳುವ ಸದ್ದು. ಐದು ಗಂಟೆ ಹಾಗೇ ಕಳೆಯಿತು. ಲೆಕ್ಕಿಗರೊಬ್ಬರು ಅಳತೊಡಗಿದಾಗ ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಏಳೂ ಜನ ನೆಟ್ಟಗೆ ಹೊರಗೆ ಹೋದರೆ, ಈ ಲಿಫ್ಟಿನ ಬಾಗಿಲಿಂದ ಬೆಟ್ಟದ ಮಂದಿರದ ಬಾಗಿಲವರೆಗೆ ನಡ್ಕೊಂಡು ಹೋಗ್ತೀನಿ. ಒಂದು ಹೆಜ್ಜೆಗೂ ಗಾಡಿ ಹತ್ತಲ್ಲ."

ಏಳೂ ಜನ ನೆಟ್ಟಗೆ ಹೊರಗೆ ಬಂದರು. ಮಂದಿರ ಇನ್ನೂರ ಎಂಬತ್ತು ಕಿಲೋಮೀಟರ್ ದೂರ. ಅಪ್ಪನಿಗೆ ಅಷ್ಟು ರಜೆ ಯಾರೂ ಕೊಡಲಿಲ್ಲ. ಆಮೇಲೆ ಗುಂಡಿಯ ಲಿಫ್ಟ್ ಬಂತು. ಅಪ್ಪನಿಗೆ ಕೆಳಗಿನ ಹಜಾರದಲ್ಲಿ ಒಂದು ಸ್ಟೂಲ್ ಹಾಕಿಕೊಟ್ಟು, ಬಂದವರಿಗೆ ಯಾವ ವಿಭಾಗ ಎಲ್ಲಿದೆ ಎಂದು ತೋರಿಸುವ ಕೆಲಸ ಕೊಟ್ಟರು. ಅಪ್ಪನಿಗೆ! ಆ ನಾಲ್ಕು ವರ್ಷದಲ್ಲಿ ಪಾಲಿಸಿ ವಿಭಾಗ ಹುಡುಕಿಕೊಂಡು ಬಂದ ಎಷ್ಟು ಜನ ಶೌಚಾಲಯಕ್ಕೆ ಹೋದರೋ, ಲೆಕ್ಕವಿಲ್ಲ.

ನಿವೃತ್ತಿಯಾದ ಮೇಲೆ ಮೊಣಕಾಲಿನ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನೊಂದು ವರ್ಷದಲ್ಲಿ ಮೆಟ್ಟಿಲು ಹತ್ತುವುದೂ ಕಷ್ಟ ಎಂದರು. ಅಪ್ಪ ಅಂದೇ ಸಂಜೆ ಹಳೆಯ ಬೂಟು ಹುಡುಕಿ ತೆಗೆದ.

"ಈ ವರ್ಷ ಮಂದಿರ ಮುಚ್ಚೋಕೆ ಹದಿನೇಳು ದಿನ ಇದೆ. ಮುಂದಿನ ವರ್ಷ ಹೋಗಬಹುದಲ್ಲ" ಎಂದಳು ಅಮ್ಮ. ಹಿಮ ಬೀಳುವ ಮುನ್ನ, ಗೊತ್ತುಮಾಡಿದ ದಿನ ಸಂಜೆ ನಾಲ್ಕಕ್ಕೆ ಮಂದಿರದ ಬಾಗಿಲು ಹಾಕಿದರೆ ತೆರೆಯುವುದು ಐದು ತಿಂಗಳ ನಂತರ.

"ಮುಂದಿನ ವರ್ಷದ ಮೊಣಕಾಲಿಗೆ ನೀನು ಜಾಮೀನು ನಿಲ್ತೀಯಾ?"

"ಒಬ್ಬರೇ ಹೋದರೆ ಸಮುದ್ರ ತಲುಪ್ತೀರಿ."

ಹಾಗಾಗಿ ಮಗಳು ನಾನು ಜೊತೆಗೆ ಹೊರಟೆ. ನನ್ನ ಕೆಲಸ ಕೊರಿಯರ್ ಕಂಪನಿಯೊಂದರಲ್ಲಿ, ನಲವತ್ತು ವ್ಯಾನುಗಳಿಗೆ ದಿನವೂ ದಾರಿ ಹಾಕಿಕೊಡುವುದು. ದಾರಿ ನನ್ನ ಕಸುಬು. ಆ ಬಗ್ಗೆ ನನಗೆ ಜಂಬವೂ ಇತ್ತು.

ನಡೆಯಲು ಹದಿನಾಲ್ಕು ದಿನ, ಕೈಯಲ್ಲಿ ಮೂರು ದಿನ. ವಿಮಾ ಕಚೇರಿಯ ಹೊಸ ಲಿಫ್ಟಿನ ಮುಂದೆ ಅಪ್ಪ ಎರಡು ಕಾಲೂ ಜೋಡಿಸಿ ನಿಂತ, ಹೊಸ್ತಿಲಿಗೆ ಹಿಮ್ಮಡಿ ಮುಟ್ಟಿಸಿದ, ಹೊರಟ. ಕಾವಲುಗಾರ ಕೂಗಿದ, "ಲಿಫ್ಟಣ್ಣಾ, ಆ ಕಡೆ ಕ್ಯಾಂಟೀನು! ಬೆಟ್ಟ ಈ ಕಡೆ!"

ಮೊದಲ ನಾಲ್ಕು ದಿನ ಹೇಳುವಂಥದ್ದೇನೂ ಆಗಲಿಲ್ಲ, ಅಪ್ಪನ ಎರಡು ಉಗುರು ಕಪ್ಪಾಗಿ ಉದುರಿದ್ದನ್ನು ಬಿಟ್ಟರೆ. ತಲೆ ಕೆಡಿಸಿದ್ದು ಅವನ ಎಣಿಕೆ. ಹೆಜ್ಜೆ ಎಣಿಸುತ್ತಿರಲಿಲ್ಲ, ಏರು ಎಣಿಸುತ್ತಿದ್ದ. ಪ್ರತಿ ದಿಬ್ಬದಲ್ಲೂ ಬಾಯಲ್ಲೇ, "ನಾಲ್ಕು... ಐದು... ಇಳೀತು, ಮತ್ತೆ ನಾಲ್ಕು." ಅವನ ಕಟ್ಟಡದಲ್ಲಿ ಒಂದು ಮಹಡಿಗೆ ಹನ್ನೆರಡು ಅಡಿ. ಜಗತ್ತನ್ನೆಲ್ಲ ಅವನು ಅದರಲ್ಲೇ ಅಳೆಯುತ್ತಿದ್ದ.

"ಅಪ್ಪಾ, ಇದು ರಸ್ತೆ. ಮಹಡಿ ಅಲ್ಲ."

"ರಸ್ತೆ ನಿನ್ನ ಡಿಪಾರ್ಟ್‌ಮೆಂಟು. ನಾನು ಅದಕ್ಕೆ ತಲೆ ಹಾಕ್ತೀನಾ?"

ಐದನೇ ದಿನ ಹೊಳೆಯ ದಂಡೆಗೆ ಬಂದರೆ ಸೇತುವೆ ಅರ್ಧ ಇತ್ತು. ಹಿಂದಿನ ವಾರದ ಪ್ರವಾಹಕ್ಕೆ ಉಳಿದರ್ಧ ಹೋಗಿತ್ತು. ವಾಹನದವರಿಗೆ ಎರಡು ಗಂಟೆಯ ಸುತ್ತು, ಕಾಲ್ನಡಿಗೆಯವರಿಗೆ ಎರಡು ದಿನದ್ದು. ದಾರಿಯಲ್ಲಿ ಜೊತೆಯಾಗಿದ್ದ ಕೆಲವು ಯಾತ್ರಿಕರು ಬಸ್ಸು ಹತ್ತಿದರು. ಒಬ್ಬಾಕೆ ಕಿಟಕಿಯಿಂದ ಬಾಳೆಹಣ್ಣು ಕೊಟ್ಟು, "ಪಾಪ" ಎಂದಳು. ಅಪ್ಪ ಹಣ್ಣು ತಗೊಂಡ, ಪಾಪವನ್ನು ವಾಪಸು ಕೊಟ್ಟ: "ಪಾಪ ಯಾಕಮ್ಮ, ಕಾಲು ನಂದೇ, ಬಾಡಿಗೇದಲ್ಲ."

ಎರಡು ದಿನ ಅಲ್ಲಿ ಹೋಯಿತು. ಇನ್ನೊಂದು ದಿನವನ್ನು ಅಪ್ಪನ ಹೊಟ್ಟೆ ತಿಂದಿತು. ಯಾವುದೋ ಬಾವಿಯ ನೀರು. ತಂಗುಮನೆಯ ಶೌಚಾಲಯದ ಬಾಗಿಲಿಗೆ ಒರಗಿ ನಾನು ಹೊರಗೆ ಕೂತಿದ್ದೆ, ಅಪ್ಪ ಒಳಗಿಂದ ಹೇಳುತ್ತಿದ್ದ, "ಬರೀ ಕೆಳಗೇ ಹೋಗ್ತಿದೆ ಕಣೇ." ಕೈಯಲ್ಲಿದ್ದ ಮೂರೂ ದಿನ ಮುಗಿಯಿತು. ಇನ್ನು ಅರ್ಧ ದಿನ ತಪ್ಪಿದರೂ ಬಾಗಿಲು ಸಿಗುವುದಿಲ್ಲ.

ಆ ಅರ್ಧ ದಿನವನ್ನು ಕಳೆದವಳು ನಾನು.

ಕೊನೆಯ ದಿನಕ್ಕೆ ಒಂದು ದಿನ ಮುಂಚೆ, ಬೆಳಗ್ಗೆ ಹಳ್ಳ ದಾಟುವಾಗ ಕಲ್ಲು ಜಾರಿ ನಾನು ಕೂತುಬಿಟ್ಟೆ. ಫೋನು ನೀರಿಗೆ ಹೋಯಿತು, ಅದರೊಳಗಿನ ನಕ್ಷೆಯೂ ಹೋಯಿತು. ಎಡ ಪಾದ ಉಳುಕಿತು. ಪರವಾಗಿಲ್ಲ ಎಂದುಕೊಂಡೆ, ಮುಂದಿನದು ಒಂದೇ ಏರು. ಚೀಲದಲ್ಲಿದ್ದ ಯಾತ್ರಿಕರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹಳ್ಳದಿಂದ ಕಣಿವೆಯ ಮೇಲ್ತುದಿಯ ತಂಗುಮನೆಗೆ ಸಾವಿರದ ಇನ್ನೂರು ಅಡಿ ಏರು.

"ನೂರು ಮಹಡಿ" ಎಂದ ಅಪ್ಪ.

ಮಧ್ಯಾಹ್ನಕ್ಕೆ ಮಂಜು ಇಳಿಯಿತು. ಚಾಚಿದ ಕೈ ಮಸುಕಾಗಿ ಕಾಣುವಷ್ಟು ಮಂಜು. ಒಂದು ಕಡೆ ದಾರಿ ಕವಲೊಡೆಯಿತು. ಎಡದ್ದು ಅಗಲವಾಗಿ, ಚೆನ್ನಾಗಿ ತುಳಿದಂತಿತ್ತು. ಬಲದ್ದು ಕುರಿ ಹೋಗುವಂಥದ್ದು. "ಎಡಕ್ಕೆ" ಎಂದೆ. ಅಪ್ಪ ಎಂದಿನಂತೆ ಸುಮ್ಮನೆ ಹಿಂದೆ ಬಂದ. ಒಂದು ಗಂಟೆಗೂ ಮೀರಿ ನಡೆದೆವು. ದಾರಿ ಮಟ್ಟಸವಾಗಿತ್ತು, ನನ್ನ ಉಳುಕಿದ ಪಾದಕ್ಕೆ ಹಿತವಾಗಿತ್ತು. ಹಿಂದಿನಿಂದ ಎಣಿಕೆ ಕೇಳಿಸುತ್ತಿತ್ತು. ಆಮೇಲೆ ನಿಂತಿತು. ತಿರುಗಿ ನೋಡಿದರೆ ಅಪ್ಪ ಒಂದು ಬಂಡೆಯ ಮೇಲೆ ಕೂತಿದ್ದ.

"ನೋಯ್ತಿದೆಯಾ?"

"ಇಲ್ಲ. ನಾನು ಬರಲ್ಲ."

"ಅಂದ್ರೆ?"

"ಆ ಕವಲಲ್ಲಿ ಎಪ್ಪತ್ತೊಂದಿತ್ತು. ಈಗ ಅರವತ್ತೆರಡು. ಇಳೀತಿದ್ದೀವಿ."

"ಅಪ್ಪಾ, ಇದು ಮಟ್ಟ ಇದೆ. ಸ್ವಲ್ಪ ಇಳಿದು ಮತ್ತೆ ಏರುತ್ತೆ. ದಾರಿ ಅಂದ್ರೆ ಹಾಗೇ."

"ಮಟ್ಟ ಅಂತ ನಿನ್ನ ಕಣ್ಣು ಹೇಳ್ತಿದೆ. ಕಣ್ಣಿಗೆ ಏನು ಕಾಣ್ತಿದೆ ಇಲ್ಲಿ? ಒಂಬತ್ತು ಮಹಡಿ ಇಳಿಸಿದ್ದೀಯ ನನ್ನ."

"ಔಷಧಿ ಅಂಗಡಿಯಿಂದ ಮನೆಗೆ ಬರೋಕೆ ಗೊತ್ತಿಲ್ಲ, ನನಗೆ ದಾರಿ ಹೇಳ್ತೀಯಾ?"

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಅಪ್ಪನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

"ದಾರಿ ಯಾವುದು ಅಂತ ನಾನು ಹೇಳಲ್ಲ. ನನಗೆ ಗೊತ್ತಾಗಲ್ಲ" ಎಂದ. "ಆದರೆ ನಮಗೆ ನೂರಕ್ಕೆ ಹೋಗಬೇಕು, ನೀನು ಅರವತ್ತೆರಡಕ್ಕೆ ಕರ್ಕೊಂಡು ಬಂದಿದ್ದೀಯ. ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬನನ್ನ ತಪ್ಪು ಮಹಡೀಲಿ ಇಳಿಸಿಲ್ಲ ನಾನು. ಮಗಳನ್ನ ಇಳಿಸ್ತೀನಾ?"

ಅಷ್ಟರಲ್ಲಿ ಕೆಳಗೆಲ್ಲೋ ಗರಗಸದ ಯಂತ್ರದ ಸದ್ದು ಕೇಳಿತು. ಮರ ಕಡಿಯುವವರು. ನಾನು ಹಿಡಿದದ್ದು ಅವರು ದಿಮ್ಮಿ ಎಳೆಯುವ ದಾರಿ, ಅದಕ್ಕೇ ಅಷ್ಟು ಅಗಲ. ಅದು ಪಕ್ಕದ ಕಣಿವೆಗೆ ಇಳಿಯುತ್ತಿತ್ತು. ನಾನು ಬಂದ ದಾರಿಗೇ ತಿರುಗಿದೆ. ಅಪ್ಪ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡು, "ಅರವತ್ತೆರಡರಿಂದ ಮೇಲಕ್ಕೆ" ಎಂದು, ಲಿಫ್ಟಿನಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿ ಹೆಜ್ಜೆ ಹಾಕಿದ.

ತಂಗುಮನೆಯ ಗೋಡೆ ಮಂಜಿನೊಳಗಿಂದ ಕೈಗೆ ತಾಕಿದಾಗ ಅವನ ಎಣಿಕೆ ತೊಂಬತ್ತೆಂಟು. ನನಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅವನು ಮುಖ ಸಿಂಡರಿಸಿ ಗೋಡೆಯನ್ನೇ ನೋಡುತ್ತಿದ್ದ. "ಎರಡು ಎಲ್ಲಿ ಹೋಯ್ತು?" ಎಂದು ಊಟದ ಹೊತ್ತಿನವರೆಗೂ ಗೊಣಗಿದ.

ಆದರೆ ಆ ದಿನ ನಾವು ಅದರ ಮುಂದಿನ ತಂಗುಮನೆ ತಲುಪಬೇಕಾಗಿತ್ತು. ಕೊನೆಯ ದಿನಕ್ಕೆ ಇಪ್ಪತ್ತೊಂದರ ಬದಲು ಮೂವತ್ತೊಂದು ಕಿಲೋಮೀಟರ್ ಉಳಿಯಿತು.

ಬೆಳಗ್ಗೆ ಆರಕ್ಕೆ ಹೊರಟೆವು. ಅಪ್ಪನ ಬಲ ಮೊಣಕಾಲು ಬನ್ನಿನಂತೆ ಊದಿತ್ತು. ನನ್ನದು ಎಡ ಪಾದ. ಇಬ್ಬರೂ ಸೇರಿದರೆ ಒಂದು ಸರಿಯಾದ ಜೊತೆ ಕಾಲು. ಹನ್ನೆರಡೂವರೆಗೆ ಇನ್ನೂ ಹನ್ನೊಂದು ಕಿಲೋಮೀಟರ್ ಇತ್ತು. ಆಗ ಹಿಂದಿನಿಂದ ಒಂದು ಜೀಪು ಬಂತು. ಮಂದಿರ ಮುಚ್ಚುವ ಮುನ್ನ ಅಲ್ಲಿನ ಸಾಮಾನು ತರಲು ಹೋಗುತ್ತಿದ್ದ ಖಾಲಿ ಜೀಪು.

"ಹತ್ತಿ ಯಜಮಾನ್ರೇ" ಎಂದ ಡ್ರೈವರ್. "ಅರ್ಧ ಗಂಟೇಲಿ ಬಾಗಿಲಲ್ಲಿ ಇಳಿಸ್ತೀನಿ. ಈ ನಡಿಗೇಲಿ ನಾಲ್ಕಕ್ಕೆ ಆಗಲ್ಲ."

"ನಡೆದೇ ಬರ್ತೀನಿ ಅಂದಿದ್ದೀನಪ್ಪಾ."

"ಇನ್ನೂರ ಎಪ್ಪತ್ತು ನಡೆದಿದ್ದೀರಿ. ಹತ್ತು ಹನ್ನೊಂದನ್ನ ದೇವರು ಲೆಕ್ಕ ಹಾಕ್ತಾನಾ?"

"ನಾನು ಹಾಕ್ತೀನಲ್ಲ."

ನನಗೆ ತಡೆಯಲಾಗಲಿಲ್ಲ. "ಜೀಪು ಹತ್ತು ಅಪ್ಪಾ. ಹನ್ನೆರಡು ವರ್ಷ ಕಾದು ಮುಚ್ಚಿದ ಬಾಗಿಲು ನೋಡ್ತೀಯಾ? ಒಳಗೆ ಹೋಗೋದು ಬೇಡ್ವಾ? ಮುಂದಿನ ವರ್ಷ ಈ ಮೊಣಕಾಲು ಬರಲ್ಲ."

ಅಪ್ಪ ಜೀಪಿನ ಒಳಗೆ ನೋಡಿದ. ಆಸೆ ಇತ್ತು ಅವನಿಗೆ, ನಾನು ಕಂಡೆ. ಸೀಟಿನ ಮೇಲೆ ಒಂದು ದಪ್ಪ ಕಂಬಳಿ ಹಾಸಿತ್ತು. ಆಮೇಲೆ ಬಾನೆಟ್ಟನ್ನು ಎರಡು ಸಲ ತಟ್ಟಿ, "ನೀನು ಹೊರಡು. ಅಲ್ಲಿ ಇಬ್ಬರು ಬರ್ತಿದ್ದಾರೆ ಅಂತ ಹೇಳು" ಎಂದ. ನನಗೆ, "ನಿನ್ನ ಕಾಲು ಉಳುಕಿದೆ, ನೀನು ಹತ್ತಿಕೋ. ನೀನೇನೂ ಮಾತು ಕೊಟ್ಟಿಲ್ಲ" ಎಂದ.

"ನಾನು ಹತ್ತಿದರೆ ನೀನು ಸಮುದ್ರ ತಲುಪ್ತೀಯ" ಎಂದೆ.

ನಾಲ್ಕು ಗಂಟೆ ನಮಗೆ ದಾರಿಯಲ್ಲೇ ಆಯಿತು. ಅಪ್ಪ ಗಡಿಯಾರ ನೋಡಿದ, ಕೈಯನ್ನು ಜೇಬಿಗೆ ಹಾಕಿಕೊಂಡ, ಎಣಿಕೆ ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷದ ನಂತರ ಅದೇ ಜೀಪು ಮೇಲಿನಿಂದ ಇಳಿದು ಬಂತು. ಹಿಂದೆ ಪಾತ್ರೆಗಳು, ಸುತ್ತಿದ ಜಮಖಾನೆಗಳು. ಡ್ರೈವರ್ ಪಕ್ಕದಲ್ಲಿ ಮಂದಿರದ ಬಾಗಿಲು ಕಾಯುವವರು, ತೊಡೆಯ ಮೇಲೆ ಮೊಳಕೈಯುದ್ದದ ಕೀಲಿಕೈ.

"ಹತ್ತು ನಿಮಿಷ ಹೆಚ್ಚಿಗೇ ಕಾದೆ" ಎಂದರು ಅವರು, ನಮ್ಮ ಮುಖ ನೋಡದೆ. "ಮುದ್ರೆ ಹಾಕಿ ಆಯ್ತು. ಒಂದ್ಸಲ ಹಾಕಿದ ಮೇಲೆ ನನಗೂ ತೆಗೆಯೋ ಹಾಗಿಲ್ಲ."

ಡ್ರೈವರ್ ಇಂಜಿನ್ ಆರಿಸಿದ.

"ಇನ್ನೆಷ್ಟಿದೆ?" ಎಂದು ಅಪ್ಪ ಕೇಳಿದ.

"ಒಂದು ಕಿಲೋಮೀಟರ್. ಆದರೆ ಬಾಗಿಲು..."

"ಬಾಗಿಲು ಅಲ್ಲೇ ಇದೆ ತಾನೆ?"

ಬಾಗಿಲು ಕಾಯುವವರು ತಲೆ ಎತ್ತಿ ನೋಡಿದರು. "ಇದೆ" ಎಂದರು.

"ಬಾಗಿಲವರೆಗೆ ಅಂತಲೇ ನಾನು ಅಂದಿದ್ದು. ಒಳಗೆ ಬರ್ತೀನಿ ಅಂದಿರಲಿಲ್ಲ."

ಡ್ರೈವರ್ ಇಳಿದು ರಸ್ತೆಯ ಬದಿಗೆ ನಿಂತು ದಾರಿ ಬಿಟ್ಟ. "ನಾನು ಇಲ್ಲೇ ಕಾಯ್ತೀನಿ ಯಜಮಾನ್ರೇ. ವಾಪಸ್ ಬರೋದಕ್ಕೆ ಏನೂ ಹರಕೆ ಇಲ್ಲ ತಾನೆ?"

"ಅಯ್ಯೋ ಇಲ್ಲಪ್ಪಾ. ಆ ಕಂಬಳಿ ತೆಗೀಬೇಡ."

ಆ ಒಂದು ಕಿಲೋಮೀಟರಿನಲ್ಲಿ ಹದಿಮೂರು ಮಹಡಿ ಇತ್ತು. ಅಪ್ಪ ಹದಿಮೂರನ್ನೂ ಜೋರಾಗಿಯೇ ಎಣಿಸಿದ. ಆ ಎಣಿಕೆಯನ್ನು ಅದುವರೆಗೆ ಅಷ್ಟು ದಿನ ಸಹಿಸಿಕೊಂಡಿದ್ದವಳು ನಾನು, ಅಂದು ಕೇಳಿದೆ. ಆರನೆಯದರಿಂದ ನಾನೂ ದನಿ ಸೇರಿಸಿದೆ. ಇಷ್ಟು ಹಟಮಾರಿ ಮನುಷ್ಯನ ಮಗಳು ನಾನು ಎಂದು ಆ ಬೆಟ್ಟಕ್ಕೆಲ್ಲ ಗೊತ್ತಾಗಲಿ ಅನ್ನಿಸಿತು.

ಎತ್ತರದ ಮರದ ಬಾಗಿಲು. ಬೀಗದ ಮೇಲೆ ಕೆಂಪು ಅರಗು ಹೊಸದಾಗಿ ಹೊಳೆಯುತ್ತಿತ್ತು. ಅಪ್ಪ ಎರಡು ಕಾಲೂ ಜೋಡಿಸಿ, ಬೂಟಿನ ತುದಿಯನ್ನು ಹೊಸ್ತಿಲಿಗೆ ಮುಟ್ಟಿಸಿದ. ಬಗ್ಗಲಾರದೆ ಬಗ್ಗಿ, ಮೆಟ್ಟಿಲ ಕಲ್ಲಿಗೂ ಹೊಸ್ತಿಲಿಗೂ ನಡುವೆ ಬೆರಳಿಟ್ಟು ನೋಡಿದ.

"ಒಂದು ಬೆರಳು ಹೆಚ್ಚಿದೆ" ಎಂದ. "ಕಟ್ಟಿದವನು ಸಮ ನೋಡಿಲ್ಲ."

ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಲಿಫ್ಟಿನ ಒಳಗೆ ನಿಲ್ಲುತ್ತಿದ್ದ ಹಾಗೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ನಾವು ಏರಿ ಬಂದದ್ದನ್ನೆಲ್ಲ ನೋಡಿದ. "ಮನೆ ಯಾವ ಕಡೆ?" ಎಂದು ಕೇಳಿದ. ಕೈ ಮಾಡಿ ತೋರಿಸಿದೆ. ಅವನು ಬೇರೆ ಕಡೆ ನೋಡಿ ತಲೆಯಾಡಿಸಿದ.

ಹೋದದ್ದು ಇಷ್ಟು: ಅಪ್ಪನ ಎರಡು ಉಗುರು. ನನ್ನ ಫೋನು. ಅವನ ಮೈಯಿಂದ ಆರು ಕಿಲೋ. ಸುತ್ತುದಾರಿಗೆ ಎರಡು ದಿನ, ಹೊಟ್ಟೆಗೆ ಒಂದು, ನನ್ನ ಜಂಬಕ್ಕೆ ಅರ್ಧ. ಕೊನೆಗೆ ನಲವತ್ತು ನಿಮಿಷ.