ಸವತಿ ಮಾರಾಟಕ್ಕಿದ್ದಾಳೆ

ಹಲ್ಲಿನ ಡಾಕ್ಟರ ಹಾಯಿದೋಣಿಗೆ ಅವರ ಹೆಂಡತಿ ಇಟ್ಟ ಹೆಸರು ಸವತಿ. ಭಾನುವಾರ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟಿದ ಕೂಡಲೇ "ಹೊರಟ್ರಾ ಸವತಿ ಮನೆಗೆ?" ಅನ್ನುವುದು, ಸಂಜೆ ಉಪ್ಪುನೀರಲ್ಲಿ ನೆನೆದು ವಾಪಸು ಬಂದಾಗ "ಅದನ್ನ ಮಾರಿ ಕೈ ತೊಳ್ಕೊಳ್ಳಿ" ಅನ್ನುವುದು ಆ ಮನೆಯ ಹಳೆಯ ರೂಢಿ. ಡಾಕ್ಟರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು ಸುಖವಾಗಿದ್ದರು. ಆದರೆ ಈ ಸಲ ದೋಣಿ ಕಟ್ಟುವ ಜೆಟ್ಟಿಯ ಮೆಟ್ಟಿಲ ಮೇಲೆ ಮಂಡಿಯೇ ಕೈಕೊಟ್ಟಿತು. ಕಾಲು ಚಾಚಿಕೊಂಡು ಮಲಗಿದವರಿಗೆ ಎದುರು ಮಾತಾಡುವ ಧೈರ್ಯ ಎಲ್ಲಿಂದ ಬರಬೇಕು? "ಮಾರಾಟಕ್ಕಿದೆ" ಎಂದು ಬೋರ್ಡು ಬರೆಯದೆ ವಿಧಿಯಿರಲಿಲ್ಲ.

ಬರೆದರು, ಆದಷ್ಟು ಸಣ್ಣ ಅಕ್ಷರದಲ್ಲಿ. ಅದನ್ನು ದೋಣಿಯ ಹಿಂಬದಿಗೆ, ಮೀನುಗಳು ಮಾತ್ರ ಓದುವ ಕಡೆ ತೂಗುಹಾಕಿದರು. ಮಾರುವ ಮನಸ್ಸು ಅವರಿಗೆ ಎಳ್ಳಷ್ಟೂ ಇರಲಿಲ್ಲ. ದಿನವಿಡೀ ಪರರ ಬಾಯೊಳಗೆ ಇಣುಕಿದ ಮನುಷ್ಯನಿಗೆ ವಾರಕ್ಕೊಮ್ಮೆ ದೂರ ನೋಡುವ ಭಾಗ್ಯ ಸಿಕ್ಕಿದ್ದು ಆ ದೋಣಿಯಿಂದಲೇ. ಕ್ಲಿನಿಕ್ ಮುಚ್ಚಿದ ಮೇಲಂತೂ ಅದೊಂದೇ ಉಳಿದಿತ್ತು.

ಹೀಗಿದ್ದೂ ಗಿರಾಕಿಗಳು ಬಂದೇ ಬಂದರು. ಗಂಡ ಬೇಕರಿಯವ, ಒಂದು ಕಾಲಕ್ಕೆ ಡಾಕ್ಟರ ಪೇಷಂಟು. ಹೆಂಡತಿ ಕಂಪನಿಗಳ ಲೆಕ್ಕ ಜಾಲಾಡುವ ಆಡಿಟರಮ್ಮ. ಹೊಸ ದೋಣಿ ತಗೊಳ್ಳುವುದೋ ಹಳೆಯದೋ ಎಂದು ಗಂಡಹೆಂಡಿರು ತಿಂಗಳುಗಟ್ಟಲೆ ಕಿತ್ತಾಡಿ, ಕೊನೆಗೆ ಒಂದು ಹಳೆಯದನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸೋಣವೆಂದು ಬಂದಿದ್ದರು.

ಡಾಕ್ಟರು ಒಂದು ಉಪಾಯ ಹೂಡಿದರು. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಆದರೆ ಈ ದೋಣಿಯ ವಿಷಯದಲ್ಲಿ ಸುಳ್ಳಿನ ಅಗತ್ಯವೇ ಇಲ್ಲವಲ್ಲ! ನಿಜ ಹೇಳಿದರೆ ಸಾಕು, ಎಂಥವರೂ ಓಡಿಹೋಗಬೇಕು.

"ಮೊದಲು ಇಂಜಿನ್ ನೋಡಿ," ಎಂದು ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಇಂಜಿನ್ನಿನ ಸಂದಿಗೆ ತೂರಿಸಿದರು. "ಕಾಣಿಸ್ತಾ? ತುಕ್ಕು. ಇದಕ್ಕೆ ಮನಸ್ಸು ಬಂದ್ರೆ ಸ್ಟಾರ್ಟ್ ಆಗುತ್ತೆ, ಇಲ್ಲಾಂದ್ರೆ ಇಲ್ಲ."

"ನಮ್ಮ ಓವನ್ನೂ ಹಾಗೇ ಡಾಕ್ಟ್ರೇ," ಎಂದು ಬೇಕರಿಯವ ಬಾಯಿ ತುಂಬ ನಕ್ಕ.

"ಹಾಯಿಕಂಬ ಎಳೆದು ಹಿಡಿದಿರೋ ಈ ತಂತಿಗಳನ್ನ ಯಾವತ್ತೋ ಬದಲಾಯಿಸ್ಬೇಕಿತ್ತು. ಬದಲಾಯಿಸಿಲ್ಲ. ಹಾಯಿಗೆ ಹಾಕಿರೋ ತೇಪೆ ಎಲ್ಲ ಬಿಚ್ಚಿದ್ರೆ ಹಾಯಿನೇ ಉಳಿಯಲ್ಲ. ತಳದಲ್ಲಿ ಗುಳ್ಳೆ ಎದ್ದಿದೆ. ಎಡಗಡೆ ಹಾಸಿಗೆ ಕೆಳಗೆ ನೀರು ಜಿನುಗುತ್ತೆ. ಎಲ್ಲಿಂದ ಅಂತ ಇವತ್ತಿಗೂ ಪತ್ತೆಯಾಗಿಲ್ಲ."

"ನೋಡಿದೆಯೇನೇ, ಎಷ್ಟು ಪ್ರಾಮಾಣಿಕರು!" ಬೇಕರಿಯವನ ಕಣ್ಣು ಮಿನುಗಿತು. "ಇಂಥವರ ಹತ್ರ ಕಣ್ಣು ಮುಚ್ಕೊಂಡು ತಗೋಬಹುದು."

ಡಾಕ್ಟರು ಇವನ ಹತ್ತಿರ ಬೇಳೆ ಬೇಯುವುದಿಲ್ಲವೆಂದು ಆಡಿಟರಮ್ಮನ ಕಡೆ ತಿರುಗಿದರು. "ನೋಡಮ್ಮಾ, ಹೊಸದಾದ್ರೆ ಗ್ಯಾರಂಟಿ ಇರುತ್ತೆ. ತಲೆನೋವಿಲ್ಲ."

"ಅದರಲ್ಲೂ ತಲೆನೋವಿದೆ ಸರ್," ಎಂದಳು ಅವಳು ಫೋನಿನಲ್ಲಿ ಲೆಕ್ಕ ಕುಟ್ಟುತ್ತಾ. "ನೀರಿಗಿಳಿಸಿದ ದಿನವೇ ಬೆಲೆ ಇಳಿದುಹೋಗುತ್ತೆ. ಲಂಗರು, ಹಗ್ಗ, ಒಳ್ಳೆ ಹಾಯಿ, ಎಲ್ಲಕ್ಕೂ ಬೇರೆ ದುಡ್ಡು. ಅವರು ಹೇಳೋ ಬೆಲೆಗೆ ಬರೋದು ಬರೀ ತೊಟ್ಟಿ."

"ಹಾಗಂತ ಹಳೇದು ಅಗ್ಗ ಅನ್ಕೋಬೇಡಿ. ಅಗ್ಗವಾಗಿ ಒಳಗೆ ಬಿಟ್ಕೊಂಡು ಆಮೇಲೆ ಜೇಬು ಕತ್ತರಿಸುತ್ತೆ. ತಂತಿ, ಹಾಯಿ, ಇಂಜಿನ್, ತಳ, ಎಲ್ಲ ಸೇರಿಸಿ ನೋಡಿ. ನಿಮ್ಮ ರಜೆಗಳನ್ನೂ ಸೇರಿಸಿ. ನೀವು ಸಮುದ್ರ ನೋಡೋದಕ್ಕಿಂತ ಸ್ಪ್ಯಾನರ್ ನೋಡೋದೇ ಜಾಸ್ತಿ."

ಅವಳು ಸೇರಿಸಿದಳು, ಕಳೆದಳು, ಮತ್ತೆ ಸೇರಿಸಿದಳು. ಬೇಕರಿಯವ ಉಗುರು ಕಚ್ಚಿದ. ಡಾಕ್ಟರು ಉಸಿರು ಬಿಗಿಹಿಡಿದರು.

"ಹೊಸದೇ ವಾಸಿ ರೀ," ಎಂದಳು ಕೊನೆಗೆ.

ಡಾಕ್ಟರಿಗೆ ಕುಣಿಯುವಷ್ಟು ಖುಷಿಯಾಯಿತು, ಮಂಡಿ ಒಪ್ಪಲಿಲ್ಲ ಅಷ್ಟೇ. ಮುಖ ಸಪ್ಪೆ ಮಾಡಿಕೊಂಡು, ಪರವಾಗಿಲ್ಲ ಬಿಡಿ ಎಂದು ಇಬ್ಬರನ್ನೂ ಜೆಟ್ಟಿಗೆ ಇಳಿಸಿದರು. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಆಡಿಟರಮ್ಮ ಒಳ್ಳೆಯ ಹೆಣ್ಣುಮಗಳು. ಪಾಪ, ಮುದುಕರಿಗೆ ಬೇಜಾರಾಯಿತೇನೋ ಎಂದುಕೊಂಡು ಸಮಾಧಾನ ಹೇಳಲು ಹೋದಳು.

"ಯೋಚನೆ ಮಾಡ್ಬೇಡಿ ಸರ್. ಇಂಥದನ್ನ ಗುಜರಿಗೆ ತಗೊಳ್ಳೋರು ಇದ್ದಾರೆ. ನಂಬರ್ ಕಳಿಸ್ತೀನಿ."

ಗುಜರಿ! ಡಾಕ್ಟರ ಮೈಯೆಲ್ಲ ಉರಿದುಹೋಯಿತು. ಸವತಿಯನ್ನು ಬೈಯುವ ಹಕ್ಕು ಅವರಿಗಿತ್ತು, ಅವರ ಹೆಂಡತಿಗಿತ್ತು. ನಿನ್ನೆ ಮೊನ್ನೆ ಬಂದವರಿಗೆ ಯಾರು ಕೊಟ್ಟರು?

"ಹತ್ತಿ," ಎಂದರು.

"ಸರ್?"

"ದೋಣಿ ಹತ್ತಿ ಅಂದೆ. ಇಬ್ರೂ."

ಇಂಜಿನ್ನಿಗೆ ಅವತ್ತೇ ಮನಸ್ಸು ಬರಬೇಕೇ, ಒಂದೇ ಸಲಕ್ಕೆ ಗುಡುಗಿತು. ಬಂದರಿನ ಗೋಡೆ ದಾಟಿದ್ದೇ ಡಾಕ್ಟರು ಅದನ್ನು ಆರಿಸಿ ಹಾಯಿ ಏರಿಸಿದರು. ತೇಪೆಯ ಹಾಯಿ ಒಮ್ಮೆ ಪಟಪಟನೆ ಬಡಿದು ಗಾಳಿ ತುಂಬಿಕೊಂಡಿತು. ದೋಣಿ ಒಂದು ಪಕ್ಕಕ್ಕೆ ವಾಲಿ, ಸದ್ದಿಲ್ಲದೆ ನೀರು ಸೀಳಿಕೊಂಡು ಹೊರಟಿತು. ಬೇಕರಿಯವ ಕಂಬ ತಬ್ಬಿಕೊಂಡು ದೇವರ ಹೆಸರು ಹೇಳತೊಡಗಿದ. ಆಡಿಟರಮ್ಮ ಕಿಟಾರನೆ ಕಿರುಚಿದಳು, ಆಮೇಲೆ ಕಿರುಚಾಟ ಯಾವಾಗ ನಗುವಾಯಿತೋ ಅವಳಿಗೇ ತಿಳಿಯಲಿಲ್ಲ.

"ಬನ್ನಿ, ಚುಕ್ಕಾಣಿ ಹಿಡೀರಿ," ಎಂದರು ಡಾಕ್ಟರು. "ಬಿಗಿಯಾಗಿ ಹಿಡೀಬೇಡಿ. ಅವಳಿಗೆ ದಾರಿ ಗೊತ್ತು."

ಅವಳು ಹಿಡಿದಳು. ಕೂದಲು ಕೆದರಿ, ಕೆನ್ನೆಯ ಮೇಲೆ ನೀರು ಸಿಡಿದು, ಒಂದು ಗಂಟೆಯ ಹೊತ್ತು ಫೋನಿನ ನೆನಪೇ ಅವಳಿಗೆ ಬರಲಿಲ್ಲ. ಡಾಕ್ಟರು ಪಕ್ಕದಲ್ಲಿ ಕೂತು, ಹೆಣ್ಣು ತೋರಿಸುವ ಅಪ್ಪನ ಹಾಗೆ, ತಮ್ಮ ದೋಣಿಯ ಗುಣಗಾನ ಮಾಡಿದ್ದೇ ಮಾಡಿದ್ದು. ಎಂಥ ಬಿರುಗಾಳಿಯಲ್ಲೂ ಹೆದರಿಸಿದವಳಲ್ಲ, ದಡ ಮುಟ್ಟಿಸದೆ ಬಿಟ್ಟವಳಲ್ಲ. ಹೇಳುತ್ತಾ ಹೇಳುತ್ತಾ ಅವರ ಎದೆ ಉಬ್ಬಿ ಬಂತು.

ದಡಕ್ಕೆ ಬಂದು ಹಗ್ಗ ಕಟ್ಟುವಾಗ ಆಡಿಟರಮ್ಮ ಕೇಳಿದಳು. "ಸರ್, ಇವಳನ್ನ ನಮಗೆ ಕೊಡ್ತೀರಾ?"

ಇವಳನ್ನ, ಎಂದಳು. ಗಂಟೆಯ ಹಿಂದೆ ಇಂಥದನ್ನ ಎಂದಿದ್ದವಳು. ಡಾಕ್ಟರು ಗೆದ್ದ ಹುರುಪಿನಲ್ಲಿದ್ದರು. "ತಗೊಳ್ಳಿ ತಾಯಿ!" ಎಂದು ಬಾಯಿಂದ ಬಂದೇಬಿಟ್ಟಿತು. ಬೇಕರಿಯವ ಅವರ ಎರಡೂ ಕೈ ಹಿಡಿದು ಕುಲುಕಿ, ಮುಂಗಡವನ್ನು ಜೇಬಿಗೆ ತುರುಕಿದ. ಅವರ ಕಾರು ತಿರುವು ದಾಟಿ ಮರೆಯಾದ ಮೇಲೆ, ತಾವು ಮಾಡಿಕೊಂಡದ್ದೇನೆಂದು ಡಾಕ್ಟರಿಗೆ ಹೊಳೆಯಿತು. ಜೆಟ್ಟಿಯ ಮೇಲೇ ಕೂತುಬಿಟ್ಟರು. ದುಃಖಕ್ಕಿಂತ ಹೆಚ್ಚಾಗಿ ತಮ್ಮ ಮೇಲೆಯೇ ಸಿಟ್ಟು ಬಂತು.

ಹೋಗಲಿ, ಹೆಂಡತಿಯಾದರೂ ಸಂತೋಷಪಡುತ್ತಾಳೆ ಎಂದು ಮನೆಗೆ ಬಂದರು. ಆಕೆ ಊಟದ ಮೇಜಿನ ಮೇಲೆ ಒಗೆದ ಬಟ್ಟೆ ಹರವಿಕೊಂಡು ಮಡಚುತ್ತಿದ್ದರು.

"ಮಾರಿದೆ ಕಣೇ."

"ಏನನ್ನ?"

"ಅದನ್ನೇ. ನಿನ್ನ ಸವತಿನ."

ಆಕೆಯ ಕೈ ನಿಂತುಹೋಯಿತು. "ತಮಾಷೆ ಮಾಡ್ಬೇಡಿ."

ಡಾಕ್ಟರು ಮುಂಗಡವನ್ನು ಮೇಜಿನ ಮೇಲಿಟ್ಟರು. ಆಕೆ ಅದನ್ನು ನೋಡಿದರು, ಗಂಡನನ್ನು ನೋಡಿದರು. ಮಡಚಿದ ಅಂಗಿಯನ್ನು ಮತ್ತೆ ಬಿಡಿಸಿದರು.

"ಮಾರೇಬಿಟ್ರಾ?"

"ನೀನೇ ತಾನೇ ಇಷ್ಟು ವರ್ಷ ಮಾರಿ ಮಾರಿ ಅಂತ ತಲೆ ತಿಂದಿದ್ದು?"

"ನಾನು ಹೇಳ್ತೀನಿ! ಹೇಳೋದು ನನ್ನ ಕೆಲಸ, ಕೇಳದೇ ಇರೋದು ನಿಮ್ಮ ಕೆಲಸ. ಇಷ್ಟು ವರ್ಷ ಸರಿಯಾಗೇ ನಡ್ಕೊಂಡು ಬಂದಿತ್ತಲ್ರೀ!" ಆಕೆ ಅಂಗಿಯನ್ನು ಮುದ್ದೆ ಮಾಡಿ ಹಿಡಿದರು. "ಇನ್ನು ಭಾನುವಾರ ಸಂಜೆ ನಾನು ಯಾರನ್ನ ಬೈಕೊಂಡು ನಿಮ್ಮ ದಾರಿ ಕಾಯ್ಲಿ?"

ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಹಲ್ಲು ಕೀಳಿಸಿಕೊಳ್ಳುವವರಿಗೆ ಹೇಳಿ ಹೇಳಿ, ಎದುರಿಗೆ ಯಾರಾದರೂ ಅತ್ತರೆ ಡಾಕ್ಟರಿಗೆ ಹೇಳಲು ಬರುತ್ತಿದ್ದುದು ಒಂದೇ ಮಾತು. ಹತ್ತಿರ ಹೋಗಿ ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಅದನ್ನೇ ಹೇಳಿದರು.

"ಆಯ್ತು, ಆಯ್ತು. ಮುಗೀತು."

ಆಕೆ ಇನ್ನೂ ಜೋರಾಗಿ ಅತ್ತರು.